ಕಾಲು ಕಳೆದುಕೊಳ್ಳುವ ಮುನ್ನ ಕೇಳೋಣ

ನೇಸರಗಿ ಹಾಗೂ ಸುತ್ತಣ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಸಮಸ್ತ ಬಂಧುಗಳಲ್ಲಿ ವಿಜ್ಞಾಪನೆ



ಯರೆಹೊಲದಲ್ಲಿ ಕುಂಟೆಯ ಹಿಂದೆ ನಡೆಯುವ ರೈತನಿಗೂ, ರಾಮದುರ್ಗದ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಹಗಲೆಲ್ಲ ತುಳಿಯುವ ನೇಕಾರನಿಗೂ, ಹುಣ್ಣಿಮೆಗೆ ಚಕ್ಕಡಿಯ ಬೆನ್ನಿಗೆ ಬರಿಗಾಲಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಸಾಗುವ ತಾಯಿಗೂ ಕಾಲೇ ಅನ್ನದ ಆಧಾರ, ಕಾಲೇ ಭಕ್ತಿಯ ವಾಹನವಾಗಿರುವುದರಿಂದ, ಆ ಕಾಲನ್ನು ಮೆಲ್ಲಮೆಲ್ಲನೆ ಕಸಿದುಕೊಳ್ಳುವ ಒಂದು ವ್ಯಾಧಿಯ ವಿಚಾರವನ್ನೂ, ಅದಕ್ಕೆ ಮದ್ದು ಹುಡುಕುವ ಪ್ರಯೋಗಗಳಲ್ಲಿ ನಮ್ಮ ಪಾಲೇನೆಂಬ ವಿಚಾರವನ್ನೂ ತಮ್ಮ ಮುಂದಿಡಲೆಂದು ಈ ಕರಪತ್ರವನ್ನು ಅಚ್ಚುಹಾಕಿಸಿದ್ದೇನೆ.

ನನ್ನ ಸೋದರಮಾವನವರು ಮೂವತ್ತು ವರ್ಷ ಬೀಡಿ ಸೇದಿದವರು. ಹೊಲದ ದಾರಿಯಲ್ಲಿ ಮೊದಮೊದಲು ಅವರಿಗೆ ಮೀನಗಂಡ ಹಿಡಿದಂತಾಗುತ್ತಿತ್ತು. ಬದುವಿನ ಮೇಲೆ ತುಸು ಕುಳಿತರೆ ನೋವು ಇಳಿಯುತ್ತಿತ್ತು. ಎದ್ದು ನಡೆದರೆ ಅಷ್ಟೇ ದೂರಕ್ಕೆ ಮತ್ತೆ ಹಿಡಿಯುತ್ತಿತ್ತು. ವಯಸ್ಸಾಯಿತೆಂದು ನಾವೆಲ್ಲ ಅಂದೆವು. ಬಳಿಕ ರಾತ್ರಿಯ ನೋವು ಆರಂಭವಾಯಿತು. ಮಲಗಲಾರದೆ ಹೊರಸಿನಿಂದ ಕಾಲನ್ನು ಜೋತುಬಿಟ್ಟು ಕುಳಿತೇ ಬೆಳಗು ಮಾಡುತ್ತಿದ್ದರು. ಪಾದ ತಣ್ಣಗಿದೆಯೆಂದು ನಾವು ಬಿಸಿ ಇಟ್ಟಿಗೆಯ ಕಾವು ಕೊಟ್ಟೆವು. ರಕ್ತ ಹರಿಯದ ಚರ್ಮ ಬೆಂದು ಹುಣ್ಣಾಯಿತು, ಕಿರುಬೆರಳು ಕಪ್ಪಾಯಿತು. ಕಡೆಗೆ ದೊಡ್ಡ ಊರಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದಾಗ ತರುಣ ವೈದ್ಯರೊಬ್ಬರು, ಹೊಸ ಚಿಕಿತ್ಸೆಯೊಂದರ ಪ್ರಯೋಗ ನಡೆದಿದೆ, ಇಚ್ಛೆಯಿದ್ದರೆ ಸೇರಬಹುದು ಎಂದು ಹೇಳಿ ಇಂಗ್ಲಿಷ್ ಹಾಳೆಗಳ ಕಟ್ಟೊಂದನ್ನು ಕೈಗಿತ್ತರು. “ನಮ್ಮ ಮಾಮಾನ್ನ ಇಲಿ ಅಂತ ತಿಳದಾರೇನ?” ಎಂದು ಸಿಟ್ಟಾಗಿ ನಾವು ಸಂಜೆಯ ಬಸ್ಸಿಗೇ ಅವರನ್ನು ಊರಿಗೆ ಕರೆತಂದೆವು. ತಿಂಗಳು ತುಂಬುವುದರೊಳಗೆ ಮೊಣಕಾಲಿನ ಕೆಳಗೆ ಕಾಲನ್ನು ತೆಗೆಯಬೇಕಾಯಿತು.

ಪ್ರಯೋಗಕ್ಕೆ ಸೇರಿದ್ದರೆ ಕಾಲು ಉಳಿಯುತ್ತಿತ್ತೆಂದು ನಾನು ಹೇಳಲಾರೆ. ಹೊಸ ಮದ್ದು ದೊರೆಯದ ಪಂಗಡಕ್ಕೇ ಅವರ ಹೆಸರು ಬೀಳಬಹುದಾಗಿತ್ತು. ನನ್ನನ್ನು ಇಂದಿಗೂ ಸುಡುವ ಸಂಗತಿ ಬೇರೆ: ಒಂದು ಪ್ರಶ್ನೆಯನ್ನೂ ಕೇಳದೆ ಎದ್ದುಬಂದೆವು. ಆದುದರಿಂದ ನನ್ನ ವಾದವಿಷ್ಟು: ಪ್ರಯೋಗವೆಂದೊಡನೆ ಓಡುವುದೂ ಸಲ್ಲದು, ತಿಳಿಯದೆ ಹೆಬ್ಬೆಟ್ಟೊತ್ತುವುದೂ ಸಲ್ಲದು, ಕುಳಿತು, ಕೇಳಿ, ತಿಳಿದು, ಮನಸ್ಸೊಪ್ಪಿದರೆ ಒಪ್ಪತಕ್ಕದ್ದು.

ರೋಗದ ಪರಿ

ಹೃದಯದಿಂದ ಕಾಲಿಗೆ ರಕ್ತವನ್ನೊಯ್ಯುವ ಧಮನಿಗಳ ಒಳಗೋಡೆಯಲ್ಲಿ ಕೊಬ್ಬು ಹೆಪ್ಪುಗಟ್ಟಿ ದಾರಿ ಕಿರಿದಾಗುವುದು ಈ ರೋಗದ ಸಾಮಾನ್ಯ ಸ್ವರೂಪ. ತಂಬಾಕು, ಸಕ್ಕರೆ ರೋಗ, ರಕ್ತದೊತ್ತಡ ಇವು ಅದರ ಮುಖ್ಯ ಕಾರಣಗಳು. ಇನ್ನೊಂದು ಸ್ವರೂಪ ತರುಣರನ್ನೇ ಹಿಡಿಯುವಂಥದು. 1908ರಲ್ಲಿ ನ್ಯೂಯಾರ್ಕಿನ ವೈದ್ಯ ಲಿಯೋ ಬರ್ಜರ್ ಕತ್ತರಿಸಿದ ಕಾಲುಗಳನ್ನು ಪರೀಕ್ಷಿಸಿ ವಿವರಿಸಿದ್ದರಿಂದ ಅದಕ್ಕೆ ಬರ್ಜರ್ ರೋಗವೆಂದೇ ಹೆಸರು. ಅದು ತಂಬಾಕಿನ ಚಟದ ಬೆನ್ನಿಗಂಟಿ ಬರುವ ರೋಗ. ತಂಬಾಕನ್ನು ಪೂರ್ತಿಯಾಗಿ ಬಿಡದ ಹೊರತು ಯಾವ ಮದ್ದೂ ಅದನ್ನು ನಿಲ್ಲಿಸದು, ದಿನಕ್ಕೆ ಒಂದೆರಡು ಬೀಡಿಯೂ ಅದನ್ನು ಜೀವಂತವಾಗಿಡಬಲ್ಲದು. ನಿಪ್ಪಾಣಿಯ ತಂಬಾಕಿಗೆ ಹೆಸರಾದ ಜಿಲ್ಲೆಯವರಾದ ನಾವು ಈ ಮಾತನ್ನು ಎಲ್ಲರಿಗಿಂತ ಮೊದಲು ಕೇಳಬೇಕಾದವರು.

ರೋಗವನ್ನು ಮೊದಲಲ್ಲೇ ಕಂಡುಕೊಳ್ಳಲು ಸೂಜಿ ಚುಚ್ಚಬೇಕಾಗಿಲ್ಲ. ವೈದ್ಯರು ಪಾದದ ನಾಡಿಯನ್ನು ಮುಟ್ಟಿ ನೋಡುವರು. ಹರಡಿನ ಬಳಿಯ ರಕ್ತದೊತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿದಾಗ ಲೆಕ್ಕ 0.9ಕ್ಕಿಂತ ಕೆಳಗಿಳಿದರೆ ಧಮನಿಯಲ್ಲಿ ತಡೆಯಿದೆಯೆಂದು ತಿಳಿಯುವರು. ವಿಶ್ರಾಂತಿಯಲ್ಲೂ ನೋವು, ಮಾಯದ ಹುಣ್ಣು, ಕಪ್ಪಾದ ಬೆರಳು, ಇವು ರೋಗ ಉಲ್ಬಣಿಸಿ ಕಾಲಿಗೇ ಗಂಡಾಂತರ ಬಂದಿರುವ ಲಕ್ಷಣಗಳು.

ಪ್ರಯೋಗವೇಕೆ?

ಮುಚ್ಚಿದ ಧಮನಿಗೆ ಮುಖ್ಯವಾಗಿ ಎರಡು ಉಪಾಯಗಳುಂಟು: ರೋಗಿಯ ಕಾಲಿನದೇ ಅಭಿಧಮನಿಯೊಂದನ್ನು ಬಳಸಿ ಬೇರೆ ದಾರಿಯನ್ನು ಹೊಲಿಯುವ ಬೈಪಾಸ್ ಶಸ್ತ್ರಕ್ರಿಯೆ ಒಂದು, ಬಲೂನು, ಸ್ಟೆಂಟುಗಳಿಂದ ಒಳಗಿನಿಂದಲೇ ದಾರಿಯನ್ನು ಹಿಗ್ಗಿಸುವುದು ಇನ್ನೊಂದು. ಯಾವುದು ಮೇಲು? 1,830 ರೋಗಿಗಳ ಮೇಲೆ ನಡೆದ ಬೆಸ್ಟ್-ಸಿಎಲ್‌ಐ ಎಂಬ ಪ್ರಯೋಗವು, ಒಳ್ಳೆಯ ಅಭಿಧಮನಿಯುಳ್ಳವರಿಗೆ ಬೈಪಾಸೇ ಮೇಲೆಂದು 2022ರಲ್ಲಿ ಸಾರಿತು. ಮರುವರ್ಷವೇ, ಮೊಣಕಾಲಿನ ಕೆಳಗಿನ ಧಮನಿಗಳಲ್ಲಿ ತಡೆಯುಳ್ಳ 345 ರೋಗಿಗಳ ಬೆಸಿಲ್-2 ಪ್ರಯೋಗದಲ್ಲಿ, ಮೊದಲು ಬಲೂನಿನ ದಾರಿ ಹಿಡಿದವರಲ್ಲಿಯೇ ಕಾಲುಳಿಸಿಕೊಂಡು ಬದುಕಿದವರು ಹೆಚ್ಚಾಗಿ ಕಂಡರು. ಮೊದಲನೆಯದು ಅಮೆರಿಕ, ಕೆನಡ, ಇಟಲಿ, ಫಿನ್ಲೆಂಡ್, ನ್ಯೂಜಿಲೆಂಡುಗಳಲ್ಲಿ ನಡೆಯಿತು. ಎರಡನೆಯದು ಬ್ರಿಟನ್, ಸ್ವೀಡನ್, ಡೆನ್ಮಾರ್ಕುಗಳಲ್ಲಿ. ವಿದ್ವಾಂಸರೇ ಹೀಗೆ ಎರಡು ಉತ್ತರ ಪಡೆದಿರುವಾಗ, ಬೀಡಿ ಸೇದಿ ಬರಿಗಾಲಲ್ಲಿ ದುಡಿದು, ಬೆರಳು ಕಪ್ಪಾದ ಮೇಲೆ ಆಸ್ಪತ್ರೆಯ ಮೆಟ್ಟಿಲೇರುವ ನಮ್ಮ ರೈತನಿಗೆ ಯಾವುದು ಹಿತವೆಂಬುದನ್ನು ಆ ದೇಶಗಳ ಲೆಕ್ಕದಿಂದಲೇ ಹೇಗೆ ನಿರ್ಣಯಿಸುವುದು?

“ಮದ್ದಿದ್ದರೆ ಎಲ್ಲರಿಗೂ ಕೊಡಲಿ, ಅರ್ಧ ಜನಕ್ಕೆ ಕೊಡದೆ ಏಕೆ ಪರೀಕ್ಷಿಸಬೇಕು?” ಎಂದು ಕೇಳುವವರಿದ್ದಾರೆ. ಉತ್ತರವೂ ಇದೇ ರೋಗದ ಚರಿತ್ರೆಯಲ್ಲಿದೆ. ಕಾಲಿನ ಸ್ನಾಯುವಿಗೆ ಚುಚ್ಚಿ ಹೊಸ ರಕ್ತನಾಳಗಳನ್ನು ಬೆಳೆಸಬಹುದೆಂಬ ಒಂದು ಜೀನ್ ಚಿಕಿತ್ಸೆ, 125 ರೋಗಿಗಳ ಪರೀಕ್ಷೆಯ ಫಲಿತಾಂಶ 2008ರಲ್ಲಿ ಹೊರಬಂದಾಗ, ಕಾಲು ಕತ್ತರಿಸುವ ಪ್ರಸಂಗಗಳನ್ನು ಕಡಿಮೆ ಮಾಡಿದಂತೆ ತೋರಿತು. ತದನಂತರ 30 ದೇಶಗಳ 525 ರೋಗಿಗಳಲ್ಲಿ ಅದನ್ನೇ ಪರೀಕ್ಷಿಸಲಾಗಿ, ಮದ್ದು ಪಡೆದವರಿಗೂ ಬರಿಯ ನೀರಿನಂಥ ಸೂಜಿ ಪಡೆದವರಿಗೂ ಯಾವ ಅಂತರವೂ ಕಾಣಲಿಲ್ಲವೆಂದು 2011ರಲ್ಲಿ ಪ್ರಕಟವಾಯಿತು. ಆ ಎರಡನೆಯ ಪರೀಕ್ಷೆ ನಡೆಯದೆ ಹೋಗಿದ್ದರೆ, ಎಷ್ಟು ಮಂದಿ ಹೊಲ ಮಾರಿ ಆ ಸೂಜಿಯನ್ನು ಕೊಂಡುಕೊಳ್ಳುತ್ತಿದ್ದರೋ!

ನಮ್ಮ ನಾಡಿನಲ್ಲಿ ನಡೆದುದು

ಈ ರೋಗದ ಪ್ರಯೋಗಗಳು ಕನ್ನಡನಾಡಿಗೆ ಹೊಸವಲ್ಲ. ದಾನಿಗಳ ಅಸ್ಥಿಮಜ್ಜೆಯಿಂದ ತೆಗೆದು ಬೆಳೆಸಿದ ಆಕರ ಕೋಶಗಳನ್ನು ಮೀನಗಂಡದ ಸ್ನಾಯುವಿಗೆ ಚುಚ್ಚುವ ‘ಸ್ಟೆಂಪ್ಯೂಸೆಲ್’ ಎಂಬ ಚಿಕಿತ್ಸೆಯನ್ನು ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ರೂಪಿಸಿತು. 2013ರಲ್ಲಿ ಪ್ರಕಟವಾದ ಮೊದಲ ಪರೀಕ್ಷೆಯಲ್ಲಿ 20 ರೋಗಿಗಳಿದ್ದರು. 2017ರಲ್ಲಿ ಪ್ರಕಟವಾದ ಎರಡನೆಯದರಲ್ಲಿ ಬರ್ಜರ್ ರೋಗದ 90 ಮಂದಿ ಇದ್ದರು. 2016ರಲ್ಲಿ ಕೇಂದ್ರದ ಔಷಧ ನಿಯಂತ್ರಕರು ಬರ್ಜರ್ ರೋಗದ ಮಟ್ಟಿಗೆ ಇದಕ್ಕೆ ಸೀಮಿತ ಅನುಮತಿಯನ್ನಿತ್ತರು. ಭರವಸೆಗೆ ಇದರಲ್ಲಿ ಸ್ಥಳವುಂಟು. ಆದರೆ ಎರಡನೆಯ ಪರೀಕ್ಷೆಯಲ್ಲಿ ಯಾರಿಗೆ ಯಾವ ಚಿಕಿತ್ಸೆಯೆಂಬುದು ರೋಗಿಗೂ ವೈದ್ಯರಿಗೂ ತಿಳಿದೇ ಇದ್ದುದರಿಂದ, ಜೀನ್ ಚಿಕಿತ್ಸೆಯ ಕಥೆಯನ್ನು ಬಲ್ಲ ನಾವು ಇನ್ನೂ ದೊಡ್ಡ, ಇನ್ನೂ ಕಟ್ಟುನಿಟ್ಟಿನ ಪರೀಕ್ಷೆಯನ್ನು ಬಯಸುವುದು ನ್ಯಾಯವಾದುದು.

ಹಳ್ಳಿಯವರಿಂದ ಇಂಥ ಕಾರ್ಯ ಸಾಗದೆಂಬ ಅನುಮಾನವಿದ್ದರೆ ನಮ್ಮ ಬೆಳಗಾವಿ ಜಿಲ್ಲೆಯನ್ನೇ ನೋಡಿರಿ. ಹೆರಿಗೆಯ ನಂತರದ ರಕ್ತಸ್ರಾವವನ್ನು ಮಿಸೊಪ್ರೊಸ್ಟಾಲ್ ಗುಳಿಗೆ ತಡೆಯಬಲ್ಲದೇ ಎಂಬ ಪ್ರಯೋಗ 2002ರಿಂದ 2005ರವರೆಗೆ ಈ ಜಿಲ್ಲೆಯ ಹಳ್ಳಿಗಳಲ್ಲಿ ನಡೆಯಿತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅದರಲ್ಲಿ ಪಾಲುಗೊಂಡರು. ಗುಳಿಗೆ ಕೊಟ್ಟವರು ಊರೂರಿನ ನರ್ಸಕ್ಕಂದಿರು. ಒಪ್ಪಿ ಸೇರಿದವರು 1,620 ತಾಯಂದಿರು. ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಅದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕಾಗಿ ಆ ಗುಳಿಗೆಯನ್ನು ಅವಶ್ಯಕ ಔಷಧಿಗಳ ಪಟ್ಟಿಗೆ ಸೇರಿಸಿತು. ನಮ್ಮ ಸೀಮೆಯ ಬಾಣಂತಿಯರು ಲೋಕದ ಬಾಣಂತಿಯರಿಗೆ ಉಪಕಾರ ಮಾಡಿದರು. ಕಾಲಿನ ರೋಗದಲ್ಲಿಯೂ ಅಂಥ ಉಪಕಾರ ನಮ್ಮಿಂದ ಆಗಬಾರದೇಕೆ?

ಕಾಯಿದೆಯ ಕಾವಲು

ಭಯ ನಿರಾಧಾರವೆಂದು ನಾನು ಹೇಳುವುದಿಲ್ಲ. ಬಡವರ ಅಜ್ಞಾನವನ್ನು ಬಳಸಿಕೊಂಡ ಪ್ರಯೋಗಗಳು ಲೋಕದಲ್ಲಿ ನಡೆದಿವೆ. ಅದಕ್ಕಾಗಿಯೇ ಕಾಯಿದೆಗಳು ಹುಟ್ಟಿವೆ. 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಕನಿಷ್ಠ ಏಳು ಸದಸ್ಯರ ನೀತಿ ಸಮಿತಿಯ ಒಪ್ಪಿಗೆಯಿಲ್ಲದೆ ಹೊಸ ಔಷಧಿಯ ಪ್ರಯೋಗ ನಡೆಯಕೂಡದು. ವೈದ್ಯರಲ್ಲದ ಸಾಮಾನ್ಯರೊಬ್ಬರೂ, ಸ್ತ್ರೀಯೊಬ್ಬರೂ, ಕಾನೂನು ಬಲ್ಲವರೊಬ್ಬರೂ ಅದರಲ್ಲಿರಬೇಕು. ಓದುಬಾರದ ರೋಗಿಗೆ ನಿಷ್ಪಕ್ಷಪಾತಿಯಾದ ಸಾಕ್ಷಿಯ ಎದುರಿನಲ್ಲಿ ಎಲ್ಲವನ್ನೂ ಓದಿಹೇಳಬೇಕು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆಯನ್ನೂ ಪರಿಹಾರವನ್ನೂ ಕೊಡಬೇಕು. ಸೇರಿದ ಮೇಲೆಯೂ ಕಾರಣ ಹೇಳದೆ ಹೊರಬರುವ ಹಕ್ಕು ರೋಗಿಯದು.

ಆದುದರಿಂದ ಆಹ್ವಾನ ಬಂದಾಗ ಈ ಪ್ರಶ್ನೆಗಳನ್ನು ಕೇಳತಕ್ಕದ್ದು:

1. ಈ ಪ್ರಯೋಗ ದೇಶದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಾಗಿದೆಯೆ? ಅದರ ಸಂಖ್ಯೆಯೇನು?
2. ಸೇರದಿದ್ದರೆ ನನಗಿರುವ ಬೇರೆ ಚಿಕಿತ್ಸೆ ಯಾವುದು? ಬೈಪಾಸ್ ಅಥವಾ ಬಲೂನು ಸಾಧ್ಯವಿದೆಯೆ?
3. ಹೊಸ ಮದ್ದು ದೊರೆಯದ ಪಂಗಡಕ್ಕೆ ಬಿದ್ದರೆ ಹುಣ್ಣಿನ ಆರೈಕೆ, ಮಾಮೂಲು ಔಷಧಿ ತಪ್ಪದೆ ದೊರೆಯುವುದೆ?
4. ಅಪಾಯಗಳೇನು? ಹಾನಿಯಾದರೆ ರಾತ್ರಿಯ ಹೊತ್ತಿನಲ್ಲಿ ಯಾರನ್ನು ಕರೆಯಬೇಕು?
5. ಬಂದುಹೋಗುವ ಬಸ್ಸಿನ ಖರ್ಚು ಯಾರದು?

ಪ್ರಯೋಗದ ಮದ್ದಿಗೆ ನಿಮ್ಮಿಂದಲೇ ಹಣ ಕೇಳಿದರೆ ಮಾತ್ರ ಎರಡನೆಯ ಯೋಚನೆಯಿಲ್ಲದೆ ಎದ್ದು ಬನ್ನಿರಿ.

ವೈದ್ಯರಲ್ಲಿ ಬಿನ್ನಹ

ಸಂಶೋಧಕ ಮಹನೀಯರೆ, ಒಪ್ಪಿಗೆಯ ಪತ್ರವನ್ನು ಕನ್ನಡದಲ್ಲಿ ಅಚ್ಚುಮಾಡಿಸಿರಿ. ನಮ್ಮ ಕಡೆಯ ಮಾತಿನಲ್ಲಿ ತಿಳಿಸಿಹೇಳಿರಿ. ಅಂದೇ ಸಹಿ ಕೇಳದೆ, ಊರಿಗೆ ಹೋಗಿ ಮನೆಯ ಹಿರಿಯರೊಡನೆ ಆಲೋಚಿಸಲು ಅವಕಾಶ ಕೊಡಿರಿ. ಪ್ರಯೋಗ ಮುಗಿದ ಮೇಲೆ ಫಲವೇನಾಯಿತೆಂಬುದನ್ನು, ಅದು ಸೋಲಾಗಿದ್ದರೂ, ಮೈಕೊಟ್ಟವರಿಗೆ ತಿಳಿಸಿರಿ. ಅಂದು ಆ ಹಾಳೆಗಳು ಕನ್ನಡದಲ್ಲಿದ್ದಿದ್ದರೆ ನಾವು ಅವನ್ನು ಓದಿಯಾದರೂ ಬೇಡವೆನ್ನುತ್ತಿದ್ದೆವು.

ಬಂಧುಗಳೆ, ಈ ಹಾಳೆಯನ್ನು ಓದಬಲ್ಲವರು ಓದಲಾರದವರಿಗೆ ಓದಿಹೇಳಿರಿ. ಈ ರಾತ್ರಿ ನಿಮ್ಮ ಮನೆಯಲ್ಲಿ ಯಾರಾದರೂ ನಿದ್ದೆಯಿಲ್ಲದೆ ಹೊರಸಿನಿಂದ ಕಾಲು ಜೋತುಬಿಟ್ಟು ಕುಳಿತಿದ್ದರೆ, ಕಾವು ಕೊಡಬೇಡಿರಿ. ಕೈಯಲ್ಲಿನ ಬೀಡಿಯನ್ನು ಬಿಡಿಸಿರಿ. ಬೆಳಗಾದೊಡನೆ ವೈದ್ಯರಲ್ಲಿಗೆ ಕರೆದೊಯ್ದು ಪಾದದ ನಾಡಿಯನ್ನು ನೋಡಿಸಿರಿ.

ಇಂತು,
ನೇಸರಗಿಯ ನಿಮ್ಮ ಊರವನೊಬ್ಬ