ಗಾಲ್ಫ್ ಹೊಡೆತದ ದೋಷ: ತಿದ್ದುವ ಮುನ್ನ ಲೆಕ್ಕ ಹಾಕಿ

ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿ ಸ್ಥಾಪನೆಯಾದ ಕಾಲಕ್ಕೆ ಈ ಆಟವು ಆಂಗ್ಲ ಅಧಿಕಾರಿಗಳ ವಿರಾಮದ ವಿನೋದವಾಗಿತ್ತು. ಇಂದು ರಾಜ್ಯದ ಗಾಲ್ಫ್ ಮೈದಾನಗಳಲ್ಲಿ ಭಾನುವಾರ ಬೆಳಿಗ್ಗೆ ವರ್ತಕರೂ ಸಣ್ಣ ಕೈಗಾರಿಕೆಗಳ ಮಾಲೀಕರೂ ಕಾಣಸಿಗುತ್ತಾರೆ. ಇವರಲ್ಲಿ ಅನೇಕರು ಕೋಲು ಹಿಡಿದದ್ದು ನಲವತ್ತರ ನಂತರ. ಅಂಗಡಿ ಅಥವಾ ಕಾರ್ಖಾನೆ ತನ್ನ ಕಾಲ ಮೇಲೆ ನಿಂತ ಮೇಲೆ. ಕಲಿತದ್ದು ಗುರುವಿನಿಂದಲ್ಲ, ಗೆಳೆಯರನ್ನು ನೋಡಿ. ಹೀಗೆ ಕಲಿತ ಹೊಡೆತದಲ್ಲಿ ಒಂದು ದೋಷ ಉಳಿದುಕೊಳ್ಳುವುದು ಸಹಜ. ಹತ್ತು ವರ್ಷ ಆ ದೋಷದೊಡನೆ ಆಡಿದ ನಂತರ ಒಂದು ಪ್ರಶ್ನೆ ಎದುರಾಗುತ್ತದೆ: ಈಗ ತರಬೇತುದಾರರ ಬಳಿ ಹೋಗಿ ಇದನ್ನು ತಿದ್ದಿಸಿಕೊಳ್ಳಬೇಕೇ, ಅಥವಾ ಇದ್ದುದರಲ್ಲಿಯೇ ಆಡಿಕೊಂಡು ಹೋಗಬೇಕೇ?

ಮೇಲ್ನೋಟಕ್ಕೆ ಇದು ಶುಲ್ಕದ ಪ್ರಶ್ನೆಯಂತೆ ತೋರುತ್ತದೆ. ವಾಸ್ತವದಲ್ಲಿ ಶುಲ್ಕವು ಈ ವ್ಯವಹಾರದ ಅತ್ಯಂತ ಚಿಕ್ಕ ಬಾಬತ್ತು. ದೊಡ್ಡ ಬಾಬತ್ತು ಯಾವ ರಸೀದಿಯಲ್ಲಿಯೂ ಬರುವುದಿಲ್ಲ. ಅದನ್ನು ಗಣನೆಗೆ ತೆಗೆದುಕೊಳ್ಳದೆ ತರಬೇತಿಗೆ ಇಳಿದವರು ಅರ್ಧ ದಾರಿಯಲ್ಲಿ ನಿಲ್ಲುತ್ತಾರೆ. ಅರ್ಧ ದಾರಿಯಲ್ಲಿ ನಿಂತವರ ಆಟ ಮೊದಲಿಗಿಂತ ಕೆಡುತ್ತದೆ.

ದೋಷದ ಸ್ವರೂಪ

ಹವ್ಯಾಸಿ ಆಟಗಾರರಲ್ಲಿ ಅತಿ ಸಾಮಾನ್ಯವಾದ ದೋಷಕ್ಕೆ ಸ್ಲೈಸ್ ಎಂದು ಹೆಸರು. ಬಲಗೈ ಆಟಗಾರನ ಚೆಂಡು ಗಾಳಿಯಲ್ಲಿ ಬಲಕ್ಕೆ ಬಾಗಿ ಮರಗಳ ನಡುವೆ ಬೀಳುತ್ತದೆ. ಕೋಲು ಚೆಂಡನ್ನು ಮುಟ್ಟಿರುವ ಅವಧಿ ಒಂದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲಿ ಒಂದು ಭಾಗ ಮಾತ್ರ. ಆ ಕ್ಷಣದಲ್ಲಿ ಕೋಲು ಸಾಗುತ್ತಿರುವ ದಾರಿಗೂ ಕೋಲಿನ ಮುಖ ನೋಡುತ್ತಿರುವ ದಿಕ್ಕಿಗೂ ಇರುವ ವ್ಯತ್ಯಾಸವೇ ಚೆಂಡು ಬಾಗಲು ಮುಖ್ಯ ಕಾರಣ. ಕೋಲು ಹೊರಗಿನಿಂದ ಒಳಕ್ಕೆ, ಅಂದರೆ ಎಡಕ್ಕೆ ಎಳೆದುಕೊಂಡು ಬಂದು, ಅದರ ಮುಖ ಆ ದಾರಿಗೆ ಹೋಲಿಸಿದರೆ ಬಲಕ್ಕೆ ತೆರೆದಿದ್ದರೆ ಚೆಂಡು ಬಲಕ್ಕೆ ಬಾಗುತ್ತದೆ.

ಚೆಂಡು ಬಲಕ್ಕೆ ಹೋಗುವುದನ್ನು ಕಂಡ ಆಟಗಾರನು ಸಹಜವಾಗಿ ಎಡಕ್ಕೆ ಗುರಿಯಿಡುತ್ತಾನೆ. ಎಡಕ್ಕೆ ತಿರುಗಿ ನಿಂತಷ್ಟೂ ಕೋಲಿನ ದಾರಿ ಇನ್ನಷ್ಟು ಎಡಕ್ಕೆ ಹೋಗುತ್ತದೆ. ಮುಖಕ್ಕೂ ದಾರಿಗೂ ನಡುವಣ ಅಂತರ ಹೆಚ್ಚುತ್ತದೆ. ಚೆಂಡು ಮತ್ತಷ್ಟು ಬಾಗುತ್ತದೆ. ಪರಿಹಾರವೆಂದು ಮಾಡಿದ್ದೇ ಕಾರಣವಾಗಿ ಪರಿಣಮಿಸುತ್ತದೆ. ಸಾಲದ ಬಡ್ಡಿ ತೀರಿಸಲು ಮತ್ತೊಂದು ಸಾಲ ಮಾಡಿದ ವರ್ತಕನ ಸ್ಥಿತಿ ಇದಕ್ಕಿಂತ ಭಿನ್ನವಲ್ಲ.

ಹಳೆಯ ಕೈಪಿಡಿಗಳು ಚೆಂಡು ಮೊದಲು ಹೊರಡುವ ದಿಕ್ಕನ್ನು ಕೋಲಿನ ದಾರಿ ನಿರ್ಧರಿಸುತ್ತದೆ ಎಂದು ಬೋಧಿಸುತ್ತಿದ್ದವು. ರೇಡಾರ್ ಆಧಾರಿತ ಅಳತೆ ಯಂತ್ರಗಳು ಬಂದ ನಂತರ, ಆ ದಿಕ್ಕನ್ನು ಬಹುಪಾಲು ನಿರ್ಧರಿಸುವುದು ಕೋಲಿನ ಮುಖವೆಂಬುದು ಖಚಿತವಾಯಿತು. ಆದ್ದರಿಂದ ಜೊತೆಗಾರರು ಪ್ರತಿ ಹೊಡೆತದ ನಂತರ ಧಾರಾಳವಾಗಿ ನೀಡುವ ಉಚಿತ ಸಲಹೆಗಳಲ್ಲಿ ಕೆಲವು, ಎಷ್ಟೇ ಸದ್ಭಾವನೆಯಿಂದ ಬಂದಿದ್ದರೂ, ತಪ್ಪು ತಿಳಿವಳಿಕೆಯ ಮೇಲೆ ನಿಂತಿರುತ್ತವೆ.

ತಾಳೆಯಾಗುವ ತಪ್ಪುಗಳು

ಲೆಕ್ಕಪತ್ರ ಬಲ್ಲವರಿಗೆ ಒಂದು ಸಂಗತಿ ತಿಳಿದಿದೆ. ತಾಳೆಪಟ್ಟಿಯ ಎರಡೂ ಬದಿ ಸರಿಹೊಂದಿದ ಮಾತ್ರಕ್ಕೆ ಲೆಕ್ಕ ಸರಿಯೆಂದು ಅರ್ಥವಲ್ಲ. ಒಂದು ಖಾತೆಯಲ್ಲಿ ಸಾವಿರ ರೂಪಾಯಿ ಹೆಚ್ಚು ಖರ್ಚು ಬರೆದು, ಮತ್ತೊಂದರಲ್ಲಿ ಸಾವಿರ ರೂಪಾಯಿ ಕಡಿಮೆ ಖರ್ಚು ಬರೆದಿದ್ದರೆ ಒಂದು ತಪ್ಪು ಇನ್ನೊಂದನ್ನು ಮುಚ್ಚಿಹಾಕುತ್ತದೆ. ಅವುಗಳಲ್ಲಿ ಒಂದನ್ನು ಮಾತ್ರ ತಿದ್ದಿದರೆ, ಅದುವರೆಗೆ ಸರಿಹೊಂದುತ್ತಿದ್ದ ತಾಳೆಪಟ್ಟಿ ಹೊಂದದೆ ಹೋಗುತ್ತದೆ.

ಹಳೆಯ ಹೊಡೆತವೂ ಇಂತಹುದೇ. ಹತ್ತು ವರ್ಷದ ಅಭ್ಯಾಸದಲ್ಲಿ ಒಂದು ತಪ್ಪಿನ ಮೇಲೆ ಅದನ್ನು ಸರಿದೂಗಿಸುವ ಮತ್ತೊಂದು ತಪ್ಪು ಬೆಳೆದಿರುತ್ತದೆ. ಹಿಡಿತದ ದೋಷವನ್ನು ಮಣಿಕಟ್ಟು ಸರಿದೂಗಿಸುತ್ತದೆ. ನಿಲುವಿನ ದೋಷವನ್ನು ಭುಜ ಸರಿದೂಗಿಸುತ್ತದೆ. ತರಬೇತುದಾರರು ಹಿಡಿತವನ್ನು ತಿದ್ದಿದ ದಿನವೇ ಮಣಿಕಟ್ಟು ತನ್ನ ಹಳೆಯ ಕೆಲಸವನ್ನು ಮರೆಯುವುದಿಲ್ಲ. ಆದ್ದರಿಂದ ಮೊದಲ ಕೆಲವು ವಾರಗಳಲ್ಲಿ, ಹಲವೊಮ್ಮೆ ತಿಂಗಳುಗಳಲ್ಲಿ, ಆಟ ಮೊದಲಿಗಿಂತ ಹದಗೆಡುತ್ತದೆ. ಇದು ತರಬೇತಿಯ ಸೋಲಲ್ಲ, ತರಬೇತಿಯ ಬೆಲೆ. ರಸೀದಿಯಲ್ಲಿ ಬಾರದ ಬಾಬತ್ತು ಇದೇ.

ಬೆಲೆ ತೆತ್ತವರು, ತೆರದೆ ಉಳಿದವರು

ಈ ಬೆಲೆಯನ್ನು ಪೂರ್ಣವಾಗಿ ತೆತ್ತವರ ಪೈಕಿ ಇಂಗ್ಲೆಂಡಿನ ನಿಕ್ ಫಾಲ್ಡೊ ಪ್ರಮುಖರು. ಯುರೋಪಿನ ಅಗ್ರ ಆಟಗಾರರೆನಿಸಿದ್ದ ಅವರು 1985ರಲ್ಲಿ ತರಬೇತುದಾರ ಡೇವಿಡ್ ಲೆಡ್‌ಬೆಟರ್ ಅವರ ಮಾರ್ಗದರ್ಶನದಲ್ಲಿ ತಮ್ಮ ಸ್ವಿಂಗ್ ಅನ್ನು ಬುಡದಿಂದ ಪುನಃ ಕಟ್ಟತೊಡಗಿದರು. ಸುಮಾರು ಎರಡು ವರ್ಷ ಅವರಿಗೆ ಗೆಲುವು ದೊರೆಯಲಿಲ್ಲ. 1987ರಲ್ಲಿ ಮ್ಯೂರ್‌ಫೀಲ್ಡ್‌ನಲ್ಲಿ ನಡೆದ ಓಪನ್ ಚಾಂಪಿಯನ್‌ಷಿಪ್‌ನ ಕೊನೆಯ ದಿನ ಹದಿನೆಂಟು ಕುಳಿಗಳಲ್ಲಿಯೂ ನಿಗದಿತ ಹೊಡೆತಗಳಲ್ಲಿಯೇ ಆಟ ಮುಗಿಸಿ ಅವರು ಪ್ರಶಸ್ತಿ ಗೆದ್ದರು. ಮುಂದೆ ಇನ್ನೂ ಐದು ಪ್ರಮುಖ ಪ್ರಶಸ್ತಿಗಳು ಅವರ ಪಾಲಾದವು. ಟೈಗರ್ ವುಡ್ಸ್ 1997ರಲ್ಲಿ ಮಾಸ್ಟರ್ಸ್ ಪಂದ್ಯಾವಳಿಯನ್ನು ಹನ್ನೆರಡು ಹೊಡೆತಗಳ ಅಂತರದಿಂದ ಗೆದ್ದ ಬೆನ್ನಿಗೇ ಬುಚ್ ಹಾರ್ಮನ್ ಅವರೊಡನೆ ಕುಳಿತು ಸ್ವಿಂಗ್ ಬದಲಾಯಿಸಿಕೊಂಡರು. 1998ರಲ್ಲಿ ಅಮೆರಿಕದ ವೃತ್ತಿಪರ ಸರಣಿಯಲ್ಲಿ ಅವರಿಗೆ ದಕ್ಕಿದ್ದು ಒಂದೇ ಗೆಲುವು. 2000ದಲ್ಲಿ ಪೆಬಲ್ ಬೀಚ್‌ನಲ್ಲಿ ಅಮೆರಿಕದ ಓಪನ್ ಪ್ರಶಸ್ತಿಯನ್ನು ಅವರು ಹದಿನೈದು ಹೊಡೆತಗಳ ಅಂತರದಿಂದ ಗೆದ್ದರು.

ಇದೇ ನಾಣ್ಯಕ್ಕೆ ಇನ್ನೊಂದು ಮುಖವೂ ಇದೆ. ಆಸ್ಟ್ರೇಲಿಯಾದ ಇಯಾನ್ ಬೇಕರ್ ಫಿಂಚ್ 1991ರಲ್ಲಿ ಓಪನ್ ಚಾಂಪಿಯನ್ ಆದರು. ಹೊಡೆತದ ದೂರ ಹೆಚ್ಚಿಸಿಕೊಳ್ಳಬೇಕೆಂದು ಅವರು ಸ್ವಿಂಗ್‌ನಲ್ಲಿ ಬದಲಾವಣೆಗಳನ್ನು ಮಾಡುತ್ತ ಹೋದರು. ಕ್ರಮೇಣ ಆತ್ಮವಿಶ್ವಾಸವೂ ಕುಸಿಯಿತು. 1997ರಲ್ಲಿ ರಾಯಲ್ ಟ್ರೂನ್‌ನಲ್ಲಿ ಮೊದಲ ಸುತ್ತಿಗೆ 92 ಹೊಡೆತಗಳನ್ನು ತೆಗೆದುಕೊಂಡು ಅವರು ಪಂದ್ಯಾವಳಿಯಿಂದ ಹಿಂದೆ ಸರಿದರು.

ಮೂರನೆಯ ದಾರಿಯೂ ಉಂಟು. ಅಮೆರಿಕದ ಜಿಮ್ ಫ್ಯೂರಿಕ್ ಅವರ ಸ್ವಿಂಗ್ ಮೇಲಕ್ಕೆ ಹೋಗುವಾಗ ಒಂದು ದಾರಿ, ಕೆಳಕ್ಕೆ ಇಳಿಯುವಾಗ ಮತ್ತೊಂದು ದಾರಿ ಹಿಡಿಯುತ್ತಿತ್ತು. ಯಾವ ಪುಸ್ತಕವೂ ಅದನ್ನು ಮಾದರಿಯೆಂದು ತೋರಿಸಿಲ್ಲ. ಆದರೆ ಅವರಿಗೆ ಗುರುವಾಗಿದ್ದ ತಂದೆ ಅದನ್ನು ಬದಲಿಸಲು ಹೋಗಲಿಲ್ಲ. ಏಕೆಂದರೆ ಚೆಂಡನ್ನು ಮುಟ್ಟುವ ಕ್ಷಣಕ್ಕೆ ಕೋಲು ಪ್ರತಿ ಬಾರಿಯೂ ಸರಿಯಾದ ಸ್ಥಾನಕ್ಕೆ ಬರುತ್ತಿತ್ತು. ಫ್ಯೂರಿಕ್ 2003ರಲ್ಲಿ ಅಮೆರಿಕದ ಓಪನ್ ಗೆದ್ದರು. 2016ರಲ್ಲಿ ಒಂದು ಸುತ್ತನ್ನು ಕೇವಲ 58 ಹೊಡೆತಗಳಲ್ಲಿ ಮುಗಿಸಿ, ಅಮೆರಿಕದ ಪ್ರಧಾನ ಸರಣಿಯಲ್ಲಿ ಹಾಗೆ ಮಾಡಿದ ಮೊದಲಿಗರಾದರು.

ಈ ಮೂರು ಬಗೆಯ ದೃಷ್ಟಾಂತಗಳಿಂದ ಹೊರಡುವ ತಾತ್ಪರ್ಯ ಒಂದೇ. ನೋಡಲು ವಿಚಿತ್ರವಾಗಿರುವುದೆಲ್ಲ ದೋಷವಲ್ಲ. ಪ್ರತಿ ಬಾರಿ ಒಂದೇ ಫಲ ಕೊಡುವ ವೈಚಿತ್ರ್ಯವು ಆಟಗಾರನ ರೂಢಿ. ಪ್ರತಿ ಬಾರಿ ಬೇರೆ ಬೇರೆ ಫಲ ಕೊಡುವುದು ದೋಷ. ಪ್ರತಿ ತಿಂಗಳೂ ಶೇಕಡಾ ಎರಡರಷ್ಟು ಬರುವ ಸರಕಿನ ನಷ್ಟಕ್ಕೆ ವರ್ತಕನು ಬೆಲೆಯಲ್ಲಿಯೇ ಅವಕಾಶ ಮಾಡಿಕೊಳ್ಳಬಲ್ಲ. ಒಂದು ತಿಂಗಳು ಇಲ್ಲದೆ ಮರು ತಿಂಗಳು ಶೇಕಡಾ ಹತ್ತರಷ್ಟು ಬರುವ ನಷ್ಟಕ್ಕೆ ಯಾವ ಅವಕಾಶವನ್ನೂ ಮಾಡಿಕೊಳ್ಳಲಾಗದು.

ನಷ್ಟ ಎಲ್ಲಿದೆ?

ತರಬೇತಿಗೆ ಮುನ್ನ ಉತ್ತರ ಕಂಡುಕೊಳ್ಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಹೊಡೆತಗಳು ನಿಜವಾಗಿ ಸೋರಿಹೋಗುತ್ತಿರುವುದು ಎಲ್ಲಿ? 72 ಹೊಡೆತಗಳ ಮೈದಾನದಲ್ಲಿ ಕುಳಿಯೊಂದಕ್ಕೆ ಎರಡರಂತೆ 36 ಹೊಡೆತಗಳನ್ನು ಹಸಿರಿನ ಮೇಲಿನ ಮೆಲುಹೊಡೆತಗಳಿಗೆಂದೇ ಎಣಿಸಲಾಗಿದೆ. ಅಂದರೆ ಲೆಕ್ಕದ ಅರ್ಧಭಾಗಕ್ಕೆ ಸ್ವಿಂಗ್‌ನ ಸಂಬಂಧವೇ ಇಲ್ಲ. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದ ಅಂತರದಿಂದ ಪದಕ ತಪ್ಪಿ ನಾಲ್ಕನೆಯ ಸ್ಥಾನ ಪಡೆದಾಗ, ದೂರದ ಹೊಡೆತದಲ್ಲಿ ಅವರು ಎದುರಾಳಿಗಳಿಗಿಂತ ಬಹಳ ಹಿಂದಿದ್ದರು. ಅವರನ್ನು ಅಷ್ಟು ಎತ್ತರಕ್ಕೆ ಒಯ್ದದ್ದು ಹಸಿರಿನ ಮೇಲಿನ ಕೌಶಲ. ಮೂರು ಮೆಲುಹೊಡೆತಗಳಲ್ಲಿ ಕುಳಿ ಮುಗಿಸುವವನು ಸ್ವಿಂಗ್ ತಿದ್ದಿಸಿಕೊಳ್ಳಲು ಹೊರಡುವುದು, ಗೋದಾಮಿನಲ್ಲಿ ಕಳವಾಗುತ್ತಿರುವಾಗ ಅಂಗಡಿಯ ಮುಂಭಾಗಕ್ಕೆ ಬಣ್ಣ ಹೊಡೆಸಿದಂತೆ.

ಇದನ್ನು ಅರಿಯಲು ಸುಲಭವಾದ ದಾಖಲೆಯೊಂದು ಪ್ರತಿ ಆಟಗಾರನ ಬಳಿಯೂ ಇದೆ. 2020ರಿಂದ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಇತ್ತೀಚಿನ 20 ಸುತ್ತುಗಳ ಪೈಕಿ ಅತ್ಯುತ್ತಮ 8ರ ಸರಾಸರಿಯನ್ನು ಪರಿಗಣಿಸಲಾಗುತ್ತದೆ. ಆ ಎಂಟು ಆಟಗಾರನ ಸಾಮರ್ಥ್ಯವನ್ನು ಹೇಳುತ್ತವೆ. ಪರಿಶೀಲಿಸಬೇಕಾದದ್ದು ಬಿಟ್ಟುಹೋದ ಹನ್ನೆರಡನ್ನು. ಗಡಿ ದಾಟಿದ ಪ್ರತಿ ಚೆಂಡಿಗೂ ಒಂದು ದಂಡದ ಹೊಡೆತ ತೆತ್ತು ಹಳೆಯ ಜಾಗದಿಂದಲೇ ಮತ್ತೆ ಹೊಡೆಯಬೇಕು. ಆ ಹನ್ನೆರಡು ಸುತ್ತುಗಳಲ್ಲಿ ಇಂತಹ ನಷ್ಟವೇ ಮುಖ್ಯವಾಗಿ ಕಂಡುಬಂದರೆ ಸ್ವಿಂಗ್‌ನ ದೋಷ ದುಬಾರಿಯಾಗಿದೆ ಎಂದೇ ಅರ್ಥ. ಕಂಡುಬರದಿದ್ದರೆ ಆಟಗಾರನನ್ನು ಕಾಡುತ್ತಿರುವುದು ದೋಷವಲ್ಲ, ಜೊತೆಗಾರರ ಎದುರಿನ ಸಂಕೋಚ.

ನಿರ್ಧಾರ ಹೇಗೆ?

ಮೊದಲನೆಯದಾಗಿ, ದೋಷವು ಸೊಂಟ, ಮೊಣಕೈ ಅಥವಾ ಮಣಿಕಟ್ಟಿಗೆ ನೋವು ತರುತ್ತಿದ್ದರೆ ಲೆಕ್ಕಾಚಾರವೇ ಅನಗತ್ಯ. ವೈದ್ಯರನ್ನು ಕಂಡು, ನಂತರ ತರಬೇತುದಾರರನ್ನು ಕಾಣಬೇಕು. ಐವತ್ತು ದಾಟಿದವನಿಗೆ ಉಳಿದಿರುವ ಆಟದ ವರ್ಷಗಳೇ ಬಂಡವಾಳ. ಬಂಡವಾಳವನ್ನು ತಿನ್ನುವ ದೋಷವನ್ನು ಉಳಿಸಿಕೊಳ್ಳಲಾಗದು.

ಎರಡನೆಯದಾಗಿ, ಒಂದು ಪಾಠವನ್ನಾದರೂ ಪರೀಕ್ಷೆಯ ಸಲುವಾಗಿ ತೆಗೆದುಕೊಳ್ಳುವುದು ಎಲ್ಲರಿಗೂ ಹಿತ. ಚಿಕಿತ್ಸೆಗೆ ಒಪ್ಪುವುದು ಬೇರೆ, ರೋಗ ಯಾವುದೆಂದು ತಿಳಿಯುವುದು ಬೇರೆ. ಆ ದಿನ ತರಬೇತುದಾರರಿಗೆ ಮೂರು ಪ್ರಶ್ನೆ ಕೇಳಬೇಕು: ಬದಲಿಸಬೇಕಾದದ್ದು ಏನು? ಬದಲಿಸದೆ ಬಿಡಬಹುದಾದದ್ದು ಏನು? ಆಟ ಎಷ್ಟು ಕಾಲ ಹದಗೆಡಬಹುದು? ಮೂರನೆಯ ಪ್ರಶ್ನೆಗೆ "ಕೂಡಲೇ ಸರಿಹೋಗುತ್ತದೆ" ಎಂದು ಉತ್ತರಿಸುವವರಿಂದ ದೂರವಿರುವುದು ಲೇಸು.

ಮೂರನೆಯದಾಗಿ, ಸಮಯದ ಲೆಕ್ಕ. ವಾರಕ್ಕೊಂದು ಪಾಠ ಕೇಳಿ, ನಡುವೆ ಅಭ್ಯಾಸವಿಲ್ಲದೆ ಭಾನುವಾರ ನೇರವಾಗಿ ಮೈದಾನಕ್ಕೆ ಇಳಿಯುವವನು ಹೊಸ ಹೊಡೆತವನ್ನು ಕಲಿಯುವುದಿಲ್ಲ, ಹಳೆಯದನ್ನೂ ಕಳೆದುಕೊಳ್ಳುತ್ತಾನೆ. ವಾರದಲ್ಲಿ ಎರಡು ಮೂರು ಬಾರಿ ಅರ್ಧ ಗಂಟೆ ಅಭ್ಯಾಸಕ್ಕೆ ಕೊಡಲಾಗದವನು ಸ್ವಿಂಗ್‌ನ ಪುನರ್ನಿರ್ಮಾಣಕ್ಕೆ ಕೈಹಾಕದಿರುವುದೇ ವಿವೇಕ. ಅವನು ಹಸಿರಿನ ಮೇಲಿನ ಮೆಲುಹೊಡೆತಕ್ಕೆ ಪಾಠ ತೆಗೆದುಕೊಳ್ಳಲಿ. ಕೈಹಾಕುವವರು ವರ್ಷಾಂತ್ಯದ ಲೆಕ್ಕದ ಒತ್ತಡವಿರುವ ಮಾರ್ಚ್ ತಿಂಗಳನ್ನು ಬಿಟ್ಟು, ಆಟ ಹೇಗೂ ವಿರಳವಾಗುವ ಮಳೆಗಾಲದಲ್ಲಿ ಆರಂಭಿಸುವುದು ಸೂಕ್ತ. ಆ ಅವಧಿಯಲ್ಲಿ ಪಣದ ಆಟವಾಗಲಿ, ಗಿರಾಕಿಗಳೊಡನೆ ಪಂದ್ಯವಾಗಲಿ ಬೇಡ. ಸೋಲುವ ಭಯ ಬಂದ ಕ್ಷಣ ಕೈ ತಾನಾಗಿ ಹಳೆಯ ದಾರಿಗೆ ಮರಳುತ್ತದೆ.

ಶುಲ್ಕವನ್ನು ವ್ಯಾಪಾರದ ಖರ್ಚಿಗೆ ಬರೆಯುವ ಆಸೆಯನ್ನೂ ಬಿಡಬೇಕು. ಮಾಲೀಕನ ವೈಯಕ್ತಿಕ ಖರ್ಚನ್ನು ಆದಾಯ ತೆರಿಗೆ ಕಾನೂನು ವ್ಯಾಪಾರದ ವೆಚ್ಚವೆಂದು ಒಪ್ಪುವುದಿಲ್ಲ. ಕ್ಲಬ್ ಸದಸ್ಯತ್ವದ ಮೇಲೆ ತೆತ್ತ ಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆಯೂ ಸಾಮಾನ್ಯವಾಗಿ ದೊರೆಯದು. ಡ್ರಾಯಿಂಗ್ಸ್ ಖಾತೆಯಿಂದಲೇ ಕೊಡಬೇಕಾದ ಹಣವೆಂದು ತಿಳಿದಾಗ ನಿರ್ಧಾರವೂ ಹೆಚ್ಚು ಪ್ರಾಮಾಣಿಕವಾಗುತ್ತದೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಇಲ್ಲಿ ಪೂರ್ತಿ ಸಲ್ಲದು. ಮರ ಬಗ್ಗುತ್ತದೆ, ಆದರೆ ನಿಧಾನವಾಗಿ. ಅರ್ಧ ಬಗ್ಗಿಸಿ ಕೈಬಿಟ್ಟರೆ ಮುರಿಯುತ್ತದೆ. ಆಟ ಕೆಡುವ ಕಾಲಕ್ಕೆ ಮೊದಲೇ ಮನಸ್ಸಿನಲ್ಲಿ ಅವಕಾಶ ಮಾಡಿಕೊಂಡವರು ತರಬೇತಿಗೆ ಧೈರ್ಯವಾಗಿ ಹೋಗಲಿ, ಪೂರ್ತಿಗೊಳಿಸಲಿ. ಅದಕ್ಕೆ ಸಿದ್ಧರಿಲ್ಲದವರು ತಮ್ಮ ಬಾಗುವ ಚೆಂಡಿನೊಡನೆ ರಾಜಿ ಮಾಡಿಕೊಂಡು, ಬೆಳಗಿನ ನಡಿಗೆಯನ್ನೂ ಗೆಳೆಯರ ಸಹವಾಸವನ್ನೂ ಸಂತೋಷದಿಂದ ಅನುಭವಿಸಲಿ. ಇವೆರಡರಲ್ಲಿ ಯಾವುದನ್ನು ಆರಿಸಿಕೊಂಡರೂ ಅವಮಾನವಿಲ್ಲ. ನಷ್ಟವಿರುವುದು ಇವೆರಡರ ನಡುವೆ ನಿಂತವನಿಗೆ ಮಾತ್ರ.