ಓದಿಸಿಕೊಳ್ಳುವ ಕಾದಂಬರಿಯ ಮೇಲೆ ಯಾಕಿಷ್ಟು ಮುನಿಸು?

ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಕೊಡಲು ಶುರು ಮಾಡಿದ್ದು 1955ರಲ್ಲಿ. ಅದು ಮೊದಲ ಬಾರಿಗೆ ಕನ್ನಡದ ಲೇಖಕಿಯೊಬ್ಬರ ಕೈಸೇರಿದ್ದು 2004ರಲ್ಲಿ, ಗೀತಾ ನಾಗಭೂಷಣ ಅವರ ‘ಬದುಕು’ ಕಾದಂಬರಿಗೆ. ನಡುವಿನ ಅರ್ಧ ಶತಮಾನದಲ್ಲಿ ತ್ರಿವೇಣಿ ಬರೆದು, ಮನೆಮಾತಾಗಿ, 1963ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದರು. ಎಂ.ಕೆ. ಇಂದಿರಾ ‘ತುಂಗಭದ್ರ’ದಿಂದ ‘ಫಣಿಯಮ್ಮ’ನವರೆಗೆ ನಡೆದು ಬಂದಿದ್ದರು. ಅನುಪಮಾ ನಿರಂಜನ ವೈದ್ಯವೃತ್ತಿಯ ಜೊತೆಗೇ ಕಾದಂಬರಿಗಳ ಸಾಲನ್ನು ಬರೆದು ಮುಗಿಸಿದ್ದರು. ಈ ಮೂವರಲ್ಲಿ ಒಬ್ಬರಿಗೂ ಆ ಪ್ರಶಸ್ತಿ ಬರಲಿಲ್ಲ. ಓದುಗರೇನೂ ದೆಹಲಿಯ ತೀರ್ಪಿಗೆ ಕಾದು ಕೂರಲಿಲ್ಲ; ವಾರಪತ್ರಿಕೆ ಬಂದ ದಿನ ಮನೆಯಲ್ಲಿ ಧಾರಾವಾಹಿಯ ಪುಟಕ್ಕೆ ಕಿತ್ತಾಟ ನಡೆಯುತ್ತಿತ್ತು. ಪಂಡಿತರ ವಲಯದಲ್ಲಿ ಅದಕ್ಕೆಲ್ಲ ಇಟ್ಟ ಹೆಸರು ‘ಅಡುಗೆಮನೆ ಸಾಹಿತ್ಯ’.

ಆ ಹೆಸರನ್ನು ಇವತ್ತು ವೇದಿಕೆಯ ಮೇಲೆ ಹೇಳುವ ಧೈರ್ಯ ಯಾರಿಗೂ ಇಲ್ಲ. ಧೋರಣೆ ಮಾತ್ರ ಇದ್ದಲ್ಲೇ ಇದೆ. ಜನಪ್ರಿಯ ಸಾಹಿತ್ಯ ಸಾಹಿತ್ಯವೇ ಎಂಬ ಜಗಳ ಗೋಷ್ಠಿಗಳಲ್ಲಿ ಆಗಾಗ ಎದ್ದು ಕೂರುತ್ತದೆ, ಎರಡೂ ಕಡೆಯವರು ಹಳೆಯ ಮಾತನ್ನೇ ಹೊಸ ದನಿಯಲ್ಲಿ ಆಡಿ ಊಟಕ್ಕೆ ಏಳುತ್ತಾರೆ. ಒಂದು ಕಡೆಯವರಿಗೆ ಹೆಚ್ಚು ಜನ ಓದಿದ ಪುಸ್ತಕ ಎಂದರೆ ಅನುಮಾನ. ಇನ್ನೊಂದು ಕಡೆಯವರಿಗೆ ಎಷ್ಟನೇ ಮುದ್ರಣ ಎಂಬುದೇ ಪ್ರಮಾಣಪತ್ರ. ಮೇಲ್ನೋಟಕ್ಕೆ ವೈರಿಗಳಾದ ಈ ಇಬ್ಬರೂ ಒಂದು ವಿಷಯದಲ್ಲಿ ರಾಜಿಯಾಗಿದ್ದಾರೆ: ಆ ಪುಸ್ತಕವನ್ನು ತೆರೆದು, ಪುಟ ಪುಟವಾಗಿ ಓದಿ, ಇಲ್ಲಿ ಗೆದ್ದಿದೆ, ಅಲ್ಲಿ ಸೋತಿದೆ ಎಂದು ಹೇಳುವ ಕೆಲಸ ಇಬ್ಬರಿಗೂ ಬೇಕಿಲ್ಲ.

ಕನ್ನಡದ ಜನಪ್ರಿಯ ಕಾದಂಬರಿಗೆ ಆಗಿರುವ ಅನ್ಯಾಯ ಇದೇ. ಅದಕ್ಕೆ ಹೊಗಳಿಕೆ ಸಾಕಷ್ಟು ಸಿಕ್ಕಿದೆ, ತಿರಸ್ಕಾರವೂ ಸಿಕ್ಕಿದೆ. ಕಟ್ಟುನಿಟ್ಟಿನ ವಿಮರ್ಶೆ ಸಿಕ್ಕಿಲ್ಲ.

ತ್ರಿವೇಣಿಯವರಿಂದಲೇ ಶುರು ಮಾಡಬಹುದು. ಮೈಸೂರಿನಲ್ಲಿ ಮನಃಶಾಸ್ತ್ರ ಓದಿದ್ದ ಅವರು ‘ಶರಪಂಜರ’ದ ಕಾವೇರಿಯನ್ನು ಸೃಷ್ಟಿಸಿದರು. ಹೆರಿಗೆಯ ನಂತರ ಮನೋರೋಗಕ್ಕೆ ತುತ್ತಾದ ಹೆಣ್ಣು ಚಿಕಿತ್ಸೆ ಪಡೆದು, ಗುಣವಾಗಿ, ಮನೆಗೆ ಮರಳುತ್ತಾಳೆ. ಆದರೆ ಗಂಡನ, ನೆಂಟರ, ನೆರೆಹೊರೆಯವರ ನೋಟ ಅವಳನ್ನು ಇನ್ನೂ ಹುಚ್ಚಿಯೆಂದೇ ಅಳೆಯುತ್ತಿರುತ್ತದೆ. ರೋಗ ವಾಸಿಯಾದ ಮೇಲೂ ಸಮಾಜ ಡಿಸ್ಚಾರ್ಜ್ ಕೊಡುವುದಿಲ್ಲ ಎಂಬುದನ್ನು ಅಷ್ಟು ಹಿಂದೆ, ಅಷ್ಟು ಸರಳ ಗದ್ಯದಲ್ಲಿ ಹೇಳಿದ ಕಾದಂಬರಿಗಳು ಭಾರತೀಯ ಭಾಷೆಗಳಲ್ಲಿ ಬಹಳ ಇರಲಾರವು. 1971ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ತೆರೆಗೆ ತಂದರು, ಕಲ್ಪನಾ ಅವರ ಅಭಿನಯ ದಂತಕಥೆಯಾಯಿತು. ಈಗ ‘ಶರಪಂಜರ’ ಎಂದರೆ ಬಹುಪಾಲು ಜನರ ನೆನಪಿಗೆ ಬರುವುದು ಆ ಚಿತ್ರವೇ. ಕಾದಂಬರಿ ಸಿನಿಮಾದ ನೆರಳಿನಲ್ಲಿ ಉಳಿಯಿತು.

ಅದೇ ತ್ರಿವೇಣಿಯವರ ಗದ್ಯ ಕೆಲವೆಡೆ ಓದುಗರ ಕಣ್ಣೀರಿಗೆ ಅಗತ್ಯಕ್ಕಿಂತ ಬೇಗ ಕೈ ಚಾಚುತ್ತದೆ ಎಂಬುದೂ ನಿಜ. ‘ಬೆಳ್ಳಿ ಮೋಡ’ದಲ್ಲಿ ಹುಡುಗಿಗೊಬ್ಬ ತಮ್ಮ ಹುಟ್ಟಿ ಆಸ್ತಿಯ ಲೆಕ್ಕಾಚಾರ ಬದಲಾದೊಡನೆ ಮದುವೆಯಾಗಬೇಕಿದ್ದವನ ಪ್ರೀತಿ ಆರುತ್ತದೆ. ಎಂಥ ಚುರುಕಾದ, ಎಂಥ ಕ್ರೂರವಾದ ಕಥಾತಂತು! ಹಣ ಮತ್ತು ಪ್ರೇಮದ ನಂಟನ್ನು ಇಷ್ಟು ನೇರವಾಗಿ ಹಿಡಿದ ಲೇಖಕಿ ಎಲ್ಲಿ ಗಟ್ಟಿಯಾಗಿ ನಿಂತರು, ಎಲ್ಲಿ ಕರಗಿದರು ಎಂಬ ಚರ್ಚೆ ಆಕೆ ಬದುಕಿದ್ದಾಗಲೇ ಬಿಸಿಬಿಸಿಯಾಗಿ ನಡೆದಿದ್ದರೆ ಅವರ ನಂತರ ಬಂದ ಹತ್ತಾರು ಸಾಂಸಾರಿಕ ಕಾದಂಬರಿಕಾರರಿಗೆ ದಾರಿ ಕಾಣುತ್ತಿತ್ತು. ಅದು ನಡೆಯದೆ, ಮುಂದಿನವರು ತ್ರಿವೇಣಿಯವರ ಕಣ್ಣೀರನ್ನು ಮಾತ್ರ ತೆಗೆದುಕೊಂಡರು. ಅವರ ಮನಃಶಾಸ್ತ್ರವನ್ನು ಬಿಟ್ಟರು.

ಅಪವಾದ ಇಲ್ಲ ಎಂದಲ್ಲ. ಬಾಲವಿಧವೆಯ ಬದುಕನ್ನು ಹೇಳುವ ‘ಫಣಿಯಮ್ಮ’ನಿಗೆ ರಾಜ್ಯ ಸಾಹಿತ್ಯ ಅಕಾಡೆಮಿಯ ಗೌರವ ಸಿಕ್ಕಿತು, 1983ರಲ್ಲಿ ಪ್ರೇಮಾ ಕಾರಂತರು ಚಿತ್ರ ಮಾಡಿದರು, ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದರು. ಇಂದಿರಾ ಅವರ ಉಳಿದ ಪುಸ್ತಕಗಳ ಮೇಲೆ ಆ ಬೆಳಕಿನ ಕಾಲುಭಾಗವೂ ಬೀಳಲಿಲ್ಲ.

ಇನ್ನು ಪತ್ತೇದಾರಿಯ ಗತಿ ಕೇಳುವುದೇ ಬೇಡ. ಎನ್. ನರಸಿಂಹಯ್ಯ ಓದಿದ್ದು ನಾಲ್ಕನೇ ತರಗತಿ. 1952ರಲ್ಲಿ ‘ಪತ್ತೇದಾರ ಪುರುಷೋತ್ತಮ’ ಬರೆದು ಶುರು ಮಾಡಿದವರು ನೂರಾರು ಕಾದಂಬರಿಗಳನ್ನು ಕೊಟ್ಟು 2011ರಲ್ಲಿ ತೀರಿಕೊಂಡರು. ಆಗಷ್ಟೇ ಅಕ್ಷರ ಕಲಿತವರಿಗೆ, ಶಾಲೆ ಬಿಟ್ಟವರಿಗೆ, ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ದಿನಬಾಡಿಗೆಗೆ ಪುಸ್ತಕ ಒಯ್ಯುತ್ತಿದ್ದವರಿಗೆ ಕನ್ನಡ ಓದುವ ಚಟ ಹತ್ತಿಸಿದವರಲ್ಲಿ ಅವರು ದೊಡ್ಡವರು. ಮಾಭೀಶೇ, ಜಿಂದೆ ನಂಜುಂಡಸ್ವಾಮಿ, ಸುದರ್ಶನ ದೇಸಾಯಿ ಮುಂತಾದವರು ಅದೇ ದಾರಿಯನ್ನು ಬೇರೆ ಬೇರೆ ಕಡೆ ತಿರುಗಿಸಿದರು. ನರಸಿಂಹಯ್ಯನವರ ಕುರಿತ ಲೇಖನಗಳಲ್ಲಿ ಎಷ್ಟು ಬರೆದರು, ಎಷ್ಟು ಕಷ್ಟಪಟ್ಟರು, ಎಷ್ಟು ಜನರನ್ನು ಓದಿಗೆ ಹಚ್ಚಿದರು ಎಂಬುದು ಮಾತ್ರ ಸಿಗುತ್ತದೆ. ಒಂದು ಒಳ್ಳೆಯ ನರಸಿಂಹಯ್ಯ ಕಾದಂಬರಿಯಲ್ಲಿ ಸುಳಿವು ಎಲ್ಲಿ ಅಡಗಿರುತ್ತದೆ, ಓದುಗ ಊಹಿಸುವಷ್ಟು ಅವಕಾಶ ಇದೆಯೇ ಅಥವಾ ಕೊನೆಯಲ್ಲಿ ಪತ್ತೇದಾರ ಜೇಬಿನಿಂದ ಉತ್ತರ ತೆಗೆಯುತ್ತಾನೆಯೇ? ಕೇಳಿದವರು ವಿರಳ. ಕನಿಕರದಿಂದ ಬರೆದ ಶ್ರದ್ಧಾಂಜಲಿಯೂ ಒಂದು ಬಗೆಯ ಉಪೇಕ್ಷೆಯೇ.

ಬಂಗಾಳದಲ್ಲಿ ಹೀಗಾಗಲಿಲ್ಲ. ಶರದಿಂದು ಬಂದ್ಯೋಪಾಧ್ಯಾಯ 1932ರಲ್ಲಿ ಪತ್ತೇದಾರ ಬ್ಯೋಮಕೇಶ್ ಬಕ್ಷಿಯನ್ನು ಹುಟ್ಟಿಸಿದರು. ಅದೇ ಲೇಖಕರು ವಿಜಯನಗರದ ಕಥೆ ಹೇಳುವ ‘ತುಂಗಭದ್ರಾರ್ ತೀರೇ’ ಬರೆದು 1967ರ ರವೀಂದ್ರ ಪುರಸ್ಕಾರ ಪಡೆದರು. ಪತ್ತೇದಾರಿ ಬರೆದದ್ದು ಅವರಿಗೆ ಕಳಂಕವಾಗಲಿಲ್ಲ. ಸತ್ಯಜಿತ್ ರಾಯ್ 1965ರಲ್ಲಿ ಫೆಲುದಾನನ್ನು ಬರೆಯುವಾಗ ಅವರೇನೂ ಬಿಡುವಿನ ಕಸುಬು ಮಾಡುತ್ತಿಲ್ಲ ಎಂದೇ ಅಲ್ಲಿನ ಓದುಗರು ತಿಳಿದರು. (ಹಂಪಿಯ ನದಿದಂಡೆಯ ಕಾದಂಬರಿಗೆ ಕೊಲ್ಕತ್ತಾದಲ್ಲಿ ಪ್ರಶಸ್ತಿ ಸಿಕ್ಕ ಸಂಗತಿ ಇಲ್ಲಿ ಎಷ್ಟು ಜನಕ್ಕೆ ಗೊತ್ತಿದೆಯೋ!)

ಕನ್ನಡದಲ್ಲೂ ರಹಸ್ಯಕಥೆಯ ಕಸುವನ್ನು ಬಲ್ಲವರಿದ್ದರು. ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ದಲ್ಲಿ ತನಿಖೆಗೆಂದು ಬರುವ ಅಧಿಕಾರಿ ಇದ್ದಾನೆ, ಏಲಕ್ಕಿಯ ಸುತ್ತ ಗುಟ್ಟಿದೆ, ಅನುಮಾನಾಸ್ಪದ ಸಾವಿದೆ. ‘ಜುಗಾರಿ ಕ್ರಾಸ್’ ಅಂತೂ ಏಲಕ್ಕಿ ಬೆಳೆಗಾರ ದಂಪತಿಯನ್ನು ಭೂಗತ ಜಾಲದೊಳಕ್ಕೆ ನೂಕಿ ಉಸಿರು ಬಿಡಲು ಬಿಡದಂತೆ ಓಡಿಸುವ ಥ್ರಿಲ್ಲರ್. ‘ಚಿದಂಬರ ರಹಸ್ಯ’ಕ್ಕೆ 1987ರಲ್ಲಿ ಕೇಂದ್ರ ಅಕಾಡೆಮಿಯ ಪ್ರಶಸ್ತಿಯೂ ಬಂತು. ಆದರೆ ತೇಜಸ್ವಿಯವರನ್ನು ಓದುವಾಗ ಪರಿಸರ, ಜಾತಿ, ಆಧುನಿಕತೆ ಎಂದೆಲ್ಲ ಪದರ ಬಿಡಿಸುವ ವಿಮರ್ಶೆ, ಪುಟ ತಿರುಗಿಸುವಂತೆ ಮಾಡಿದ ಆ ಕೈಚಳಕವನ್ನು ಮಾತ್ರ ಮುಜುಗರದ ಸಂಗತಿಯಂತೆ ಬದಿಗಿಡುತ್ತದೆ. ಓದಿಸಿಕೊಂಡದ್ದು ಪುಸ್ತಕದ ಗುಣವಲ್ಲ, ಅದಕ್ಕೆ ಅಂಟಿದ ಧೂಳು ಎನ್ನುವ ಹಾಗೆ.

ಈ ಉಪೇಕ್ಷೆಯ ಬೆಲೆ ಏನು ಎಂದು ತಿಳಿಯಬೇಕಿದ್ದರೆ ಬೆಂಗಳೂರಿನ ಯಾವುದಾದರೂ ಇಂಗ್ಲಿಷ್ ಪುಸ್ತಕದಂಗಡಿಗೆ ಹೋಗಬೇಕು. ಅಲ್ಲಿ ‘ಕೋಜಿ ಮಿಸ್ಟರಿ’ ಎಂಬ ಜಾತಿಯ ಪುಸ್ತಕಗಳಿಗೆ ಒಳ್ಳೆಯ ಜಾಗ. ರಕ್ತ ಕಡಿಮೆ, ಕಾಫಿ ಜಾಸ್ತಿ. ಕೊಲೆಗಾರ ಪರಿಚಿತರಲ್ಲೇ ಒಬ್ಬ. ಪತ್ತೆ ಮಾಡುವವರು ಪೊಲೀಸರಿಗಿಂತ ಹೆಚ್ಚು ಊರಿನ ಮಾತು ಬಲ್ಲವರು. ಬ್ರಿಟನ್ನಿನಲ್ಲಿ ಟೀವಿ ನಿರೂಪಕ ರಿಚರ್ಡ್ ಓಸ್ಮನ್ 2020ರಲ್ಲಿ ‘ದಿ ಥರ್ಸ್‌ಡೇ ಮರ್ಡರ್ ಕ್ಲಬ್’ ಬರೆದು ನಿವೃತ್ತರ ವಸತಿಯ ನಾಲ್ವರು ವೃದ್ಧರನ್ನು ಪತ್ತೇದಾರರನ್ನಾಗಿಸಿದ ಮೇಲೆ ಈ ಪ್ರಕಾರಕ್ಕೆ ಹೊಸ ಹುರುಪು ಬಂತು. ಟೀವಿಯಲ್ಲಿ ಹೆಸರು ಮಾಡಿದವರಿಗೆಲ್ಲ ಪ್ರಕಾಶಕರು ಮಣೆ ಹಾಕುತ್ತಾರೆ ಎಂಬ ತಕರಾರೂ ಅಲ್ಲಿ ಜೋರಾಗಿಯೇ ನಡೆಯಿತು. ನಡೆಯಲಿ. ಅಲ್ಲಿ ಪತ್ತೇದಾರಿ ಲೇಖಕರ ಸಂಘ ಹುಟ್ಟಿದ್ದು 1953ರಲ್ಲಿ, ಅದರದೇ ಪ್ರಶಸ್ತಿಗಳಿವೆ, ಪತ್ರಿಕೆಗಳಲ್ಲಿ ಅಪರಾಧ ಕಾದಂಬರಿಗೆಂದೇ ವಿಮರ್ಶೆಯ ಅಂಕಣಗಳಿವೆ. ಜಗಳವಾಡಲು ಬೇಕಾದ ಅಂಗಳವಾದರೂ ಇದೆ.

ಆ ಕಪಾಟಿನಲ್ಲೇ ಇನ್ನೊಂದು ಪುಸ್ತಕ ಸಿಗುತ್ತದೆ: ಹರಿಣಿ ನಾಗೇಂದ್ರ ಅವರ ‘ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್’, 2022ರದ್ದು. ಪರಿಸರ ವಿಜ್ಞಾನಿಯಾದ ಲೇಖಕಿ 1921ರ ಬೆಂಗಳೂರನ್ನು ಕಟ್ಟುತ್ತಾರೆ. ನಾಯಕಿ ಕಾವೇರಿ, ವೈದ್ಯರ ಹೆಂಡತಿ, ಗಣಿತದ ಹುಚ್ಚಿನವಳು, ಸೀರೆಯುಟ್ಟೇ ಈಜುವವಳು. ಕೊಲೆ ನಡೆಯುವುದು ಸೆಂಚುರಿ ಕ್ಲಬ್ಬಿನಲ್ಲಿ. ಪಕ್ಕದ ಮನೆಯ ಉಮಾ ಆಂಟಿ ತನಿಖೆಗೆ ಜೊತೆಯಾಗುತ್ತಾರೆ, ಕೊನೆಗೆ ಅಡುಗೆಯ ವಿಧಾನಗಳೂ ಇವೆ. ಅರವತ್ತರ ದಶಕದಲ್ಲಿ ಬೈಗುಳವಾಗಿದ್ದ ಅಡುಗೆಮನೆ ಈಗ ಲಂಡನ್ನಿನ ಪ್ರಕಾಶಕರಿಗೆ ಮಾರಾಟದ ಆಕರ್ಷಣೆ! ಸರಣಿ ಬೆಳೆಯುತ್ತ ಹೋಯಿತು. 2023ರಲ್ಲಿ ‘ಮರ್ಡರ್ ಅಂಡರ್ ಎ ರೆಡ್ ಮೂನ್’, ಆಮೇಲೆ ಇನ್ನೂ ಎರಡು. ತ್ರಿವೇಣಿಯವರ ಕಾವೇರಿಯನ್ನು ನೆರೆಹೊರೆಯ ಕಣ್ಣುಗಳು ಹಿಂಸಿಸಿದರೆ, ಈ ಕಾವೇರಿ ಅದೇ ನೆರೆಹೊರೆಯನ್ನು ತನ್ನ ಗುಪ್ತಚರ ಇಲಾಖೆ ಮಾಡಿಕೊಳ್ಳುತ್ತಾಳೆ.

ಈ ಪುಸ್ತಕಕ್ಕೂ ಕಠಿಣ ಪ್ರಶ್ನೆ ಕೇಳಬೇಕು. ಕಾವೇರಿಯ ಒಳ್ಳೆಯತನದ ಎದುರು 1921ರ ಜಾತಿ, ಮಡಿ, ಮೈಲಿಗೆಗಳು ಬಹಳ ಸಲೀಸಾಗಿ ಸರಿದುಕೊಳ್ಳುತ್ತವೆ. ಗಂಡ ಬೇಕಾದಷ್ಟು ಉದಾರಿ, ಇನ್‌ಸ್ಪೆಕ್ಟರ್ ಬೇಕಾದಷ್ಟು ಸಜ್ಜನ. ಓದುಗರಿಗೆ ಹಿತವಾಗಲೆಂದು ಇತಿಹಾಸಕ್ಕೆ ದಿಂಬು ಕೊಟ್ಟಂತಾಗಿದೆ. ಆದರೂ ಬಸವನಗುಡಿ, ಮಲ್ಲೇಶ್ವರ, ಬೌರಿಂಗ್ ಆಸ್ಪತ್ರೆ, ಕಂಟೋನ್ಮೆಂಟುಗಳ ಬೆಂಗಳೂರು ಒಂದು ಜೀವಂತ ಪತ್ತೇದಾರಿ ಸರಣಿಗೆ ನೆಲೆಯಾಗಬಲ್ಲದು ಎಂದು ತೋರಿಸುವ ಕೆಲಸ ಇಂಗ್ಲಿಷಿನಲ್ಲಿ ಆಯಿತು. ಉಮಾ ಆಂಟಿಯಂಥವರು ಕನ್ನಡ ಕಾದಂಬರಿಗಳಲ್ಲಿ ಹಿಂದಿನಿಂದಲೂ ಇದ್ದರು. ಅವರ ಕೈಗೊಂದು ಕೊಲೆಯ ಕೇಸು ಕೊಡುವಷ್ಟು ಈ ಪ್ರಕಾರವನ್ನು ಗೌರವಿಸಿದವರು ಇಲ್ಲಿ ಕಡಿಮೆ.

ಸಾಂಸಾರಿಕ ವಸ್ತುವೇ ಹಗುರ ಎನ್ನುವವರ ಬಾಯಿ ಮುಚ್ಚಿಸಲು ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಒಂದೇ ಸಾಕು. ಅದರ ಸಾಮಾನು ಸರಂಜಾಮು ನೋಡಿ: ಕೂಡುಕುಟುಂಬ, ದುಡಿಯುವ ಚಿಕ್ಕಪ್ಪ, ಹಠಾತ್ತಾಗಿ ಬಂದ ಮಸಾಲೆ ವ್ಯಾಪಾರದ ದುಡ್ಡು, ಗಂಡನ ಮನೆ ಬಿಟ್ಟು ಬಂದ ಮಗಳು, ಹೊಂದಿಕೊಳ್ಳದ ಸೊಸೆ. ಇದರಲ್ಲಿ ಯಾವುದು ಎಪ್ಪತ್ತರ ದಶಕದ ವಾರಪತ್ರಿಕೆಯ ಧಾರಾವಾಹಿಯಲ್ಲಿ ಇರಲಿಲ್ಲ? ಕೊನೆಗೆ ಓದುಗರ ಎದೆಯಲ್ಲಿ ಕೂರುವ ಅನುಮಾನವಂತೂ ಪಕ್ಕಾ ಪತ್ತೇದಾರಿಯದು. ಶ್ರೀನಾಥ್ ಪೆರೂರು ಅವರ ಇಂಗ್ಲಿಷ್ ಅನುವಾದ ಅಮೆರಿಕದಲ್ಲಿ ಬಂದಾಗ ಅಲ್ಲಿನವರು ಮೆಚ್ಚಿ ಬರೆದರು. ಶಾನಭಾಗರು ಏನನ್ನು ಹೇಳದೆ ಬಿಟ್ಟರು ಎಂಬುದರಲ್ಲಿ ಅದರ ಗೆಲುವಿದೆ. ಅತ್ತೆ–ಸೊಸೆಯ ಕಥೆ ಕೀಳು, ಕೆಫೆಯಲ್ಲಿ ಕೂತು ಯೋಚಿಸುವವನ ಕಥೆ ಮೇಲು ಎಂಬ ವಿಂಗಡಣೆಯನ್ನು ಈ ಪುಟ್ಟ ಪುಸ್ತಕ ಸದ್ದಿಲ್ಲದೆ ಒಡೆದುಹಾಕಿದೆ: ಕೆಫೆಯಲ್ಲಿ ಕೂತವನೇ ಇಲ್ಲಿ ಅತ್ತೆ–ಸೊಸೆಯ ಕಥೆ ಹೇಳುತ್ತಾನೆ.

ಜನ ಕೊಂಡಿದ್ದಾರೆ, ಇನ್ನೇನು ಬೇಕು ಎನ್ನುವ ಇನ್ನೊಂದು ಪಾಳೆಯಕ್ಕೂ ಬಿಸಿ ಮುಟ್ಟಬೇಕು. ಎಂಬತ್ತರ ದಶಕದಲ್ಲಿ ತೆಲುಗಿನಿಂದ ಬಂದ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ಕನ್ನಡದಲ್ಲಿ ಹುಚ್ಚೆಬ್ಬಿಸಿತು, ಸಿನಿಮಾವೂ ಆಯಿತು. ಮಗುವಿನ ಮೇಲಿನ ಮಾಟದ ಕಥೆಯನ್ನು ಅಷ್ಟು ಬಿಗಿಯಾಗಿ ಹೇಳುವ ಕಲೆ ದೊಡ್ಡದು. ವಿಜ್ಞಾನ ಮತ್ತು ಮಾಟ ಎರಡನ್ನೂ ಒಂದೇ ತಕ್ಕಡಿಯಲ್ಲಿ ಕೂರಿಸಿ ಕೈ ತೊಳೆದುಕೊಳ್ಳುವ ಜಾಣತನಕ್ಕೆ ಅದೇ ಉಸಿರಿನಲ್ಲಿ ಮಾರ್ಕ್ಸು ಕಳೆಯಬೇಕು. ಮಾರಾಟದ ಅಂಕಿಯಿಂದ ಈ ಎರಡೂ ತಿಳಿಯುವುದಿಲ್ಲ.

ಹತ್ತಿರದ ಉದಾಹರಣೆ ಕೆ.ಎನ್. ಗಣೇಶಯ್ಯ. ಕೃಷಿ ವಿಜ್ಞಾನಿಯಾದ ಅವರು ಇತಿಹಾಸದ ಒಗಟುಗಳನ್ನು ಥ್ರಿಲ್ಲರಿಗೆ ಎಳೆದು ತಂದು ಹೊಸ ಓದುಗ ವರ್ಗವನ್ನೇ ಕಟ್ಟಿದರು. ‘ಕರಿಸಿರಿಯಾನ’ ವಿಜಯನಗರದ ಸಂಪತ್ತಿನ ಬೆನ್ನು ಹತ್ತಿದರೆ, ‘ಕನಕ ಮುಸುಕು’ ಹೊಯ್ಸಳ ಶಿಲ್ಪಗಳ ಕೈಯಲ್ಲಿ ಕಾಣುವ ಮುಸುಕಿನ ಜೋಳದ ತೆನೆಯ ಸುತ್ತ ಹೆಣೆದದ್ದು. ಕೊಲಂಬಸನಿಗಿಂತ ಮೊದಲೇ ಅಮೆರಿಕದ ಬೆಳೆ ಭಾರತಕ್ಕೆ ಬಂದಿತ್ತೇ? ಕಾರ್ಲ್ ಯೋಹಾನೆಸ್ಸನ್ ಮತ್ತು ಆ್ಯನ್ ಪಾರ್ಕರ್ 1989ರಲ್ಲಿ ಹೌದೆಂದು ವಾದಿಸಿದರು. ಅದು ಜೋಳವೇ ಅಲ್ಲ ಎಂದವರೂ ಇದ್ದಾರೆ. ಕಾದಂಬರಿಯ ಜೊತೆಗೆ ಆಕರಗಳ ಪಟ್ಟಿ ಕೊಡುವ ಲೇಖಕರ ಪ್ರಾಮಾಣಿಕತೆ ಮೆಚ್ಚತಕ್ಕದ್ದೇ. ಆದರೆ ಆ ಪಟ್ಟಿ ನೋಡಿ ಕಥೆಯನ್ನೇ ಇತಿಹಾಸವೆಂದು ನಂಬುವ ಓದುಗರೂ ಇದ್ದಾರೆ. ಎದುರುವಾದಕ್ಕೆ ಕಾದಂಬರಿ ಎಷ್ಟು ಜಾಗ ಕೊಟ್ಟಿದೆ, ಪಾತ್ರಗಳು ಮನುಷ್ಯರಂತೆ ಮಾತಾಡುತ್ತವೆಯೋ ಮಾಹಿತಿ ಸಾಗಿಸುವ ಅಂಚೆಯವರಂತೆಯೋ ಎಂದು ಕೇಳುವುದು ವಿಮರ್ಶಕರ ಕೆಲಸ. ಇದು ಥ್ರಿಲ್ಲರ್ ಬಿಡಿ ಎಂದು ಅವರು ಎದ್ದು ಹೋದರೆ ಆ ಪ್ರಶ್ನೆ ಅನಾಥ.

ವಸುಧೇಂದ್ರರ ‘ತೇಜೋ ತುಂಗಭದ್ರಾ’ 2019ರಲ್ಲಿ ಬಂದಾಗ ಸ್ವಲ್ಪ ಬೇರೆ ಗಾಳಿ ಬೀಸಿತು. ಲಿಸ್ಬನ್ನಿನಿಂದ ಹಂಪಿಯವರೆಗಿನ ಆ ಕಥೆ ಜನರಿಗೂ ಬೇಕಾಯಿತು, ಚರ್ಚೆಗೂ ಒದಗಿತು. ಅಂಥ ಅದೃಷ್ಟ ಮೈಸೂರಿನ ಅನುಷ್ ಶೆಟ್ಟಿಯವರಂಥ ತರುಣರಿಗೆ ಇನ್ನೂ ಸಿಕ್ಕಿಲ್ಲ. ‘ಹುಲಿ ಪತ್ರಿಕೆ’, ‘ನೀನು ನಿನ್ನೊಳಗೆ ಖೈದಿ’ಯಂಥ ಪುಸ್ತಕಗಳು ದೊಡ್ಡ ಪ್ರಕಾಶನ ಸಂಸ್ಥೆಗಳ ಹಂಗಿಲ್ಲದೆ ತರುಣ ಓದುಗರನ್ನು ನೇರವಾಗಿ ತಲುಪಿದವು.

ಇಷ್ಟಕ್ಕೂ ಪ್ರಕಾಶಕರೇಕೆ ಒಳ್ಳೆಯ ಪತ್ತೇದಾರಿಗೆ, ಒಳ್ಳೆಯ ಕುಟುಂಬಕಥೆಗೆ ಸಂಪಾದಕರನ್ನು ಕೂರಿಸುವುದಿಲ್ಲ? ಆಸ್ತಿ ತೆರಿಗೆಯ ಜೊತೆ ಊರಿನವರು ಕಟ್ಟುವ ಶೇ 6ರ ಗ್ರಂಥಾಲಯ ಕರದ ಬಲದಿಂದ ಗ್ರಂಥಾಲಯ ಇಲಾಖೆ ಸಗಟಿನಲ್ಲಿ ಪ್ರತಿ ಶೀರ್ಷಿಕೆಯ 300 ಪ್ರತಿ ಕೊಳ್ಳುವ ಪದ್ಧತಿ ಬೆಳೆದ ಮೇಲೆ, ಓದುಗನನ್ನು ಒಲಿಸಿಕೊಳ್ಳುವ ತುರ್ತು ಎಷ್ಟೋ ಪ್ರಕಾಶನಗಳಿಗೆ ಇಲ್ಲವಾಯಿತು. ಬಾಡಿಗೆ ಲೈಬ್ರರಿಯವನಿಗಾದರೆ ಒಂದು ಲೆಕ್ಕವಿತ್ತು: ವಾರವಿಡೀ ಕಪಾಟಿನಿಂದ ಅಲ್ಲಾಡದ ಪುಸ್ತಕವನ್ನು ಅವನು ಮತ್ತೆ ತರಿಸುತ್ತಿರಲಿಲ್ಲ. ಒಂದೊಂದಾಗಿ ಆ ಲೈಬ್ರರಿಗಳು ಬಾಗಿಲು ಹಾಕಿದವು. ವಾರಪತ್ರಿಕೆಯ ಧಾರಾವಾಹಿಯ ಓದುಗರು ಟೀವಿ ಧಾರಾವಾಹಿಗೆ ಹೋದರು. ಅಲ್ಲಿ ಟಿಆರ್‌ಪಿ ಇಳಿದರೆ ಕಥೆಯನ್ನೇ ತಿರುಗಿಸುತ್ತಾರೆ. ಇಲ್ಲಿ ಬೇಸರವಾದರೆ ಓದುಗ ಪುಸ್ತಕ ಮುಚ್ಚಿಡುತ್ತಾನೆ, ಅದು ಯಾರಿಗೂ ಗೊತ್ತಾಗುವುದಿಲ್ಲ.

ವಾರದ ಪುರವಣಿಗಳು ಮನಸ್ಸು ಮಾಡಿದರೆ ಮುಂದಿನ ತಿಂಗಳೇ ಒಂದು ಅಂಕಣ ಶುರು ಮಾಡಬಹುದು. ಅದರಲ್ಲಿ ಹೊಸ ಪತ್ತೇದಾರಿ, ಥ್ರಿಲ್ಲರ್, ಸಾಂಸಾರಿಕ ಕಾದಂಬರಿಗಳು ಬರಲಿ. ಲೇಖಕರ ಸ್ನೇಹಿತರು ಬರೆಯದಿರಲಿ. ಕೊಲೆಗಾರ ಯಾರೆಂಬ ಗುಟ್ಟನ್ನು ಮಾತ್ರ ಬಿಟ್ಟುಕೊಡದೆ ಉಳಿದೆಲ್ಲವನ್ನೂ ಜಾಲಾಡಲಿ. ಮೊದಲ ಕಂತಿಗೆ ‘ಹುಲಿ ಪತ್ರಿಕೆ’ ಆದೀತು. ಎರಡನೆಯದಕ್ಕೆ ನರಸಿಂಹಯ್ಯನವರ ಯಾವುದಾದರೂ ಹಳೆಯ ಪುರುಷೋತ್ತಮನ ಕಥೆಯನ್ನು ತೆಗೆದುಕೊಂಡು, ಶ್ರದ್ಧಾಂಜಲಿಯ ದನಿ ಬಿಟ್ಟು, ಸುಳಿವುಗಳ ಲೆಕ್ಕ ಹಾಕಲಿ.