ಮಾತ್ರೆಯ ಅರ್ಥವನ್ನು ನುಂಗುವವರೇ ಹೇಳಲಿ



ಮಧುಮೇಹದ ಮಾತ್ರೆಯನ್ನು ನಾವು ಹಬ್ಬದೂಟದ ಪಂಕ್ತಿಯಲ್ಲಿಯೇ ಜೇಬಿನಿಂದ ತೆಗೆದು ನುಂಗುತ್ತೇವೆ. ಪಕ್ಕದವರ ಸಕ್ಕರೆಯ ಪ್ರಮಾಣವನ್ನೂ ವಿಚಾರಿಸುತ್ತೇವೆ. ಸ್ಕಿಜೋಫ್ರೇನಿಯಾದ ಮಾತ್ರೆಗೆ ಆ ಭಾಗ್ಯವಿಲ್ಲ. ಊರಿನಿಂದ ಅತಿಥಿಗಳು ಬಂದರೆ ಅದು ಬೀರುವಿನೊಳಗೆ ಸೇರುತ್ತದೆ. ಕ್ಲಾರ್ಕ್ಸ್‌ಬರ್ಗ್‌ನಿಂದ ಅಟ್ಲಾಂಟಾವರೆಗೆ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ ಈ ಮಾತ್ರೆಯ ಬಗ್ಗೆ ಎರಡು ಬಗೆಯ ಉಪದೇಶಕರಿದ್ದಾರೆ. ಇಬ್ಬರೂ ಒಂದೇ ತಪ್ಪನ್ನು ಮಾಡುತ್ತಿದ್ದಾರೆ: ಮಾತ್ರೆ ನುಂಗುವವರನ್ನು ಬಿಟ್ಟು ಉಳಿದವರೆಲ್ಲರ ಮಾತನ್ನೂ ಕೇಳುತ್ತಾರೆ.

ಮೊದಲನೆಯವರು ಹೇಳುವುದು: “ಎಷ್ಟು ವರ್ಷ ಅಂತ ಇದನ್ನು ತಿನ್ನುವುದು? ಯೋಗ ಮಾಡಲಿ. ಒಂದು ಮದುವೆ ಮಾಡಿಬಿಡಿ, ಎಲ್ಲ ಸರಿಹೋಗುತ್ತದೆ.” ಈ ಮಾತಿನ ಬೆಲೆಯನ್ನು ತೆರುವವರು ಬೇರೆಯವರು. 65 ಪ್ರಯೋಗಗಳನ್ನು ಒಟ್ಟುಗೂಡಿಸಿ 2012ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಔಷಧ ಮುಂದುವರಿಸಿದವರ ಪೈಕಿ ಒಂದು ವರ್ಷದೊಳಗೆ ಕಾಯಿಲೆ ಮರುಕಳಿಸಿದ್ದು ಶೇ. 27ರಷ್ಟು ಜನರಿಗೆ, ಔಷಧದ ಬದಲು ಹುಸಿಮಾತ್ರೆ ಪಡೆದವರಲ್ಲಿ ಶೇ. 64ರಷ್ಟು ಜನರಿಗೆ. ನಮ್ಮ ನೆಲದ ಸಾಕ್ಷ್ಯವೂ ಇದೆ. ತೀರ್ಥಹಳ್ಳಿ ತಾಲೂಕಿನಲ್ಲಿ ನಿಮ್ಹಾನ್ಸ್ ವೈದ್ಯರು ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿಕಿತ್ಸೆ ಪಡೆದವರು ದಿನನಿತ್ಯದ ಬದುಕನ್ನು ನಿಭಾಯಿಸುವುದರಲ್ಲಿ ಚಿಕಿತ್ಸೆಯಿಲ್ಲದವರಿಗಿಂತ ಮೇಲಾಗಿದ್ದರು. ಕಾಯಿಲೆಯನ್ನು ಮುಚ್ಚಿಟ್ಟು ಮದುವೆ ಮಾಡಿದರೆ, ಹೊಸ ಮನೆಯಲ್ಲಿ ಮಾತ್ರೆಯನ್ನು ಬಚ್ಚಿಡಲಾಗದೆ ಆ ಹುಡುಗಿ ಅದನ್ನೇ ನಿಲ್ಲಿಸಬೇಕಾಗುತ್ತದೆ. ಮುಂದಿನ ಅನಾಹುತಕ್ಕೆ ಅವಳ ಹಣೆಬರಹವನ್ನು ದೂರುವುದು ನ್ಯಾಯವಲ್ಲ.

ಎರಡನೆಯವರು ಔಷಧವನ್ನು ನಂಬಿದವರು. ಆದರೆ ಬೇರೇನನ್ನೂ ನಂಬದವರು. ಬೆಳಗಾದರೆ, ರಾತ್ರಿಯಾದರೆ ಅವರದು ಒಂದೇ ಪ್ರಶ್ನೆ: “ಮಾತ್ರೆ ತೊಗೊಂಡೆಯಾ?” ಆ ಮಾತ್ರೆಯಿಂದ ಕಿವಿಯೊಳಗಿನ ದನಿಗಳು ದೂರ ಸರಿಯಬಹುದು, ನಿದ್ರೆ ಬರಬಹುದು, ಪುಸ್ತಕದ ಒಂದು ಪುಟವನ್ನು ಕೊನೆಯವರೆಗೆ ಓದಲು ಸಾಧ್ಯವಾಗಬಹುದು. ಅದೇ ಮಾತ್ರೆಯಿಂದ ಮೈತೂಕ ಏರಬಹುದು, ಬೆಳಗಿನ ಹೊತ್ತು ತಲೆ ಭಾರವಾಗಬಹುದು, ಕಾಲುಗಳು ಒಂದೆಡೆ ನಿಲ್ಲದಂತಾಗಬಹುದು, ನಗುವೂ ಅಳುವೂ ಮಂಕಾಗಬಹುದು. ಒಬ್ಬರಿಗೆ ಅದು ಮರಳಿ ಸಿಕ್ಕ ಬದುಕು. ಇನ್ನೊಬ್ಬರಿಗೆ “ನೀನು ರೋಗಿ” ಎಂದು ದಿನವೂ ನೆನಪಿಸುವ ಗುರುತು. ಹಲವರಿಗೆ ಎರಡೂ ಹೌದು. ಇದನ್ನು ಅವರು ಬಾಯಿಬಿಟ್ಟು ಹೇಳಿದರೆ ಮನೆಯವರು, “ಇದು ಕಾಯಿಲೆ ಆಡಿಸುವ ಮಾತು” ಎಂದು ತಳ್ಳಿಹಾಕುತ್ತಾರೆ.

ನಮ್ಮಿಂದ ಅರ್ಧ ಗಂಟೆಯ ಹಾದಿಯ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ನೆರವಿನಿಂದ ನಡೆದು 2005ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಶೇ. 74ರಷ್ಟು ಜನರಿಗೆ ಮೊದಲು ಗೊತ್ತುಮಾಡಿದ ಔಷಧ 18 ತಿಂಗಳೊಳಗೆ ನಿಂತುಹೋಯಿತು: ಸಾಕಷ್ಟು ಗುಣ ಕಾಣದೆ, ಅಡ್ಡಪರಿಣಾಮ ತಾಳಲಾಗದೆ, ಅಥವಾ ಬೇರೆ ಕಾರಣಕ್ಕೆ. ಮುಕ್ಕಾಲುಪಾಲು ಜನರ ಅನುಭವವನ್ನು ಹಟಮಾರಿತನ ಎನ್ನಲಾಗದು. ಪ್ರಮಾಣವನ್ನು ತಗ್ಗಿಸಬಹುದು, ಔಷಧವನ್ನು ಬದಲಿಸಬಹುದು, ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದಿದೆ. ಎರಡು ಔಷಧಗಳು ಫಲಿಸದಿದ್ದರೆ ರಕ್ತಪರೀಕ್ಷೆಯ ಎಚ್ಚರಿಕೆಯೊಡನೆ ಕ್ಲೋಜಪಿನ್ ಇದೆ. ಆದರೆ ನುಂಗುವವರು ಹೇಳದೆ, ನಾವು ಕೇಳದೆ, ವೈದ್ಯರಿಗೆ ತಿಳಿಯುವುದು ಹೇಗೆ?

ಇನ್ನೂ ಕೆಲವು ಮನೆಗಳಲ್ಲಿ ಮಾತ್ರೆಯನ್ನು ಪುಡಿಮಾಡಿ ಸಾರಿನಲ್ಲಿ ಬೆರೆಸುವುದುಂಟು. ಪ್ರೀತಿಯಿಂದಲೇ ಮಾಡುತ್ತಾರೆ, ಒಪ್ಪೋಣ. ಆದರೆ ಊಟದಲ್ಲಿ ಯಾರೋ ಏನನ್ನೋ ಬೆರೆಸುತ್ತಿದ್ದಾರೆ ಎಂಬ ಭಯ ಈ ಕಾಯಿಲೆಯಲ್ಲಿ ಅಪರೂಪವಲ್ಲ. ಆ ಭಯವನ್ನು ತಾಯಿಯ ಕೈಯಿಂದಲೇ ನಿಜಮಾಡಿದ ಮೇಲೆ, ಆ ಮಗು ಯಾರನ್ನು ನಂಬಬೇಕು?

“ಕಾಯಿಲೆಯೇ ಇಲ್ಲವೆನ್ನುವವರನ್ನು ಕೇಳಿ ಪ್ರಯೋಜನವೇನು?” ಎಂಬ ಆಕ್ಷೇಪ ಬರುತ್ತದೆ. ಪ್ರಾಣಾಪಾಯದ ಗಳಿಗೆಯಲ್ಲಿ ಚರ್ಚೆ ಸಲ್ಲದು. 988ಕ್ಕೆ ಕರೆಮಾಡಬೇಕು, ಆಸ್ಪತ್ರೆಗೆ ಕರೆದೊಯ್ಯಬೇಕು. ಆದರೆ ಅಂಥ ಗಳಿಗೆಗಳು ಕೆಲವು ದಿನಗಳವು; ಬದುಕು ವರ್ಷಗಳದು. ಆ ವರ್ಷಗಳನ್ನು ತುರ್ತುಸ್ಥಿತಿಯ ಕಾನೂನಿನಂತೆ ನಡೆಸಬೇಕಿಲ್ಲ. ಮನಸ್ಸು ತಿಳಿಯಾಗಿರುವಾಗಲೇ, ಮುಂದೆ ತನಗೆ ಎಂಥ ಚಿಕಿತ್ಸೆ ಬೇಕು, ಯಾರು ತನ್ನ ಪರವಾಗಿ ಮಾತನಾಡಬೇಕು ಎಂದು ಬರೆದಿಡಲು ಮೇರಿಲ್ಯಾಂಡ್‌ನ ಕಾನೂನೂ ಭಾರತದ 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಅವಕಾಶ ಕೊಟ್ಟಿವೆ. ಕಾನೂನು ಕೊಟ್ಟ ಗೌರವವನ್ನು ಕುಟುಂಬ ಕೊಡದಿರಬಾರದು.

ಆದ್ದರಿಂದ ಬಂಧುಗಳಲ್ಲಿ ನಮ್ಮ ವಿನಂತಿ: ಯಾರಿಗೂ ಮಾತ್ರೆ ಬಿಡಿರೆಂದು ಹೇಳಬೇಡಿ, ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಗೊಡಬೇಡಿ. “ಮಾತ್ರೆ ತೊಗೊಂಡೆಯಾ?” ಎಂಬುದರ ಜೊತೆಗೆ “ಅದು ನಿನಗೆ ಹೇಗಾಗುತ್ತಿದೆ?” ಎಂದೂ ಕೇಳಿ. ಉತ್ತರ ಹಿತವೆನಿಸದಿದ್ದರೂ ಕೊನೆಯವರೆಗೆ ಕೇಳಿಸಿಕೊಳ್ಳಿ. ಮುಂದಿನ ಭೇಟಿಯಲ್ಲಿ ಅದನ್ನು ವೈದ್ಯರೆದುರು ಅವರೇ ಹೇಳುವಂತೆ ಜೊತೆಗೆ ನಿಲ್ಲಿ.